ಹಳೆಯ ಪಿಕಪ್ಪು, ಹೊಸ ಸುಗ್ಗಿ: ಇಂಜಿನಿನ ಆಯುಷ್ಯ ಎಷ್ಟು?

ಆದವಾನಿ ಎಂದರೆ ನಮ್ಮ ಕಡೆಯ ಹೆಚ್ಚಿನವರಿಗೆ ಮಂತ್ರಾಲಯ ಯಾತ್ರೆಯ ದಾರಿಯಲ್ಲಿ ಸಿಗುವ ಒಂದು ಊರು, ಅಷ್ಟೆ. ತೆಲುಗರಿಗೆ ಅದು ಆದೋನಿ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಅತ್ತ ಹೋದವು. ನಮ್ಮ ಕಾಸರಗೋಡು ಕೇರಳದ ಪಾಲಾದುದು ಅದಾಗಿ ಮೂರು ವರ್ಷಕ್ಕೆ, 1956ರ ನವೆಂಬರ್ 1ರಂದು. ಹೀಗಾಗಿ ಕರ್ನೂಲು ಜಿಲ್ಲೆಯ ಪಶ್ಚಿಮ ಅಂಚಿನ ಕೋಸಿಗಿ, ಕೌತಾಳ, ಹೊಳಗುಂದ, ಆಲೂರು ಕಡೆಯ ಕನ್ನಡಿಗರ ಮನೆಗೆ ಹೋದರೆ ಪರಸ್ಪರ ಸುಖದುಃಖ ವಿಚಾರಿಸಲು ನಮಗೆ ದುಭಾಷಿ ಬೇಕಾಗುವುದಿಲ್ಲ. ಆದರೆ ಈಚೆಗೆ ಅಲ್ಲಿ ನಮ್ಮ ಕಿವಿಗೆ ಹೆಚ್ಚಾಗಿ ಬಿದ್ದದ್ದು ಗಡಿಯ ಮಾತಿಗಿಂತಲೂ ಇಂಜಿನಿನ ಮಾತು.

ಆ ಸೀಮೆ ಬಹುಪಾಲು ಕಪ್ಪು ಎರೆಮಣ್ಣಿನದು. ಹತ್ತಿ, ನೆಲಗಡಲೆ, ಈರುಳ್ಳಿ, ಪತ್ತಿಕೊಂಡದ ಕಡೆ ಟೊಮೆಟೊ. ಆದವಾನಿಯ ಮಾರುಕಟ್ಟೆ ಯಾರ್ಡು ಹತ್ತಿಗೆ ಹೆಸರಾದುದು. ಊರ ಸುತ್ತ ಜಿನ್ನಿಂಗ್ ಕಾರ್ಖಾನೆಗಳಿವೆ. ಅಕ್ಟೋಬರ್ ಬಂತೆಂದರೆ ಹಳ್ಳಿ ಹಳ್ಳಿಯಿಂದ ಹತ್ತಿಯ ಮೂಟೆ ಹೊತ್ತ ಸಣ್ಣ ವಾಹನಗಳು ಯಾರ್ಡಿನ ಬಾಗಿಲಲ್ಲಿ ಸಾಲುಗಟ್ಟುತ್ತವೆ. ಒಂದು ಕಾಲಕ್ಕೆ ಇದು ಮೆಟಡೋರ್ ಮಾಡುತ್ತಿದ್ದ ಕೆಲಸ. 1986ರಲ್ಲಿ ಟಾಟಾ 407 ಬಂತು. 2005ರಲ್ಲಿ ಎರಡೇ ಸಿಲಿಂಡರಿನ, 702 ಸಿ.ಸಿ.ಯ ಟಾಟಾ ಏಸ್ ಬಂತು. ಮಹೀಂದ್ರದ ಪಿಕಪ್ಪು ಈಗ ಊರಿಗೆ ನಾಲ್ಕಾರು. ಸಾಲ ಮಾಡಿ ಇಂತಹ ಒಂದು ಗಾಡಿ ಕೊಂಡ ಮನೆಗೆ ಅದೇ ಹೊಲ, ಅದೇ ಎತ್ತು.

ಕೋಸಿಗಿ ಕಡೆಯ ಒಬ್ಬ ಮಾಲೀಕರ ವಿಷಯ ಹೇಳೋಣ. ಅವರೇ ಚಾಲಕರು, ಲೋಡು ಏರಿಸುವಾಗ ಹಮಾಲರೂ ಅವರೇ. ಗಾಡಿ 2009ರದು. ಮೀಟರಿನ ಕೇಬಲು ಒಂದೆರಡು ಸಲ ತುಂಡಾಗಿ ತಿಂಗಳುಗಟ್ಟಲೆ ಹಾಗೆಯೇ ಓಡಿಸಿದ್ದರಿಂದ ನಿಜವಾದ ಲೆಕ್ಕ ಯಾರಿಗೂ ಗೊತ್ತಿಲ್ಲ. ಮೂರು ಲಕ್ಷ ಕಿಲೋಮೀಟರಿಗೆ ಮೇಲೆ ಎಂದು ಅವರ ಅಂದಾಜು. ಬ್ಯಾಂಕಿನ ಸಾಲ ಎಂದೋ ತೀರಿದೆ. ಮಗಳು ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿ. ಮುಂದಿನ ವರ್ಷ ಆದವಾನಿಗೋ ಬಳ್ಳಾರಿಗೋ ಕಳುಹಿಸಬೇಕು, ಹಾಸ್ಟೆಲಿನ ಖರ್ಚು ಬರುವುದು ಇದೇ ಗಾಡಿಯ ಬಾಡಿಗೆಯಿಂದ.

"ಮೇಷ್ಟ್ರೇ, ಗಾಡಿ ಓಡ್ತೈತೆ. ಓಡೋದೇ ಭಯ. ನಿಂತಿದ್ರೆ ಒಂದು ತೀರ್ಮಾನ ಆಗ್ತಿತ್ತು" ಎಂದರು ಅವರು.

ಈ ಮಾತಿನಲ್ಲಿ ಹಳೆಯ ಗಾಡಿ ಇಟ್ಟುಕೊಂಡ ಎಲ್ಲರ ಸಂಕಟವೂ ಇದೆ. ಕೆಟ್ಟು ನಿಂತ ಇಂಜಿನಿಗೆ ಬಿಲ್ಲು ಬರುತ್ತದೆ, ಕೊಟ್ಟರೆ ಮುಗಿಯಿತು. ಕೆಡದೆ ಓಡುತ್ತಿರುವುದು ಇನ್ನು ಎಷ್ಟು ದಿನ ಓಡೀತು ಎಂಬ ಚಿಂತೆಗೆ ಬಿಲ್ಲು ಎಲ್ಲಿದೆ?

ಡೀಸೆಲ್ ಇಂಜಿನಿನ ಬಾಳು ನಿಂತಿರುವುದು ಅದರ ಒತ್ತಡದ ಮೇಲೆ. ರುಡಾಲ್ಫ್ ಡೀಸೆಲ್ ಎಂಬ ಜರ್ಮನ್ ಇಂಜಿನಿಯರು 1897ರಲ್ಲಿ ಓಡಿಸಿ ತೋರಿಸಿದ ಯಂತ್ರದಿಂದ ಇಂದಿನವರೆಗೆ ತತ್ತ್ವ ಒಂದೇ. ಇದರಲ್ಲಿ ಕಿಡಿ ಹಾರಿಸುವ ಪ್ಲಗ್ಗು ಇಲ್ಲ. ಗಾಳಿಯನ್ನು ಹದಿನೈದು ಇಪ್ಪತ್ತು ಪಟ್ಟು ಕುಗ್ಗಿಸಿದಾಗ ಅದು ತಾನಾಗಿ ಐನೂರು ಡಿಗ್ರಿಗೂ ಮೇಲೆ ಕಾಯುತ್ತದೆ. ಆ ಕಾದ ಗಾಳಿಗೆ ಎಣ್ಣೆ ಸಿಂಪಡಿಸಿದರೆ ಹೊತ್ತಿಕೊಳ್ಳುತ್ತದೆ. ಪಿಸ್ಟನ್ನಿನ ಸುತ್ತ ಇರುವ ರಿಂಗುಗಳು ಸವೆದರೆ, ವಾಲ್ವುಗಳು ಸರಿಯಾಗಿ ಕೂರದಿದ್ದರೆ, ಒತ್ತಿದ ಗಾಳಿ ಸೋರುತ್ತದೆ. ಗಾಳಿ ಸೋರಿದರೆ ಕಾವು ಸಾಲದು, ಕಾವು ಸಾಲದಿದ್ದರೆ ಎಣ್ಣೆ ಅರ್ಧ ಉರಿದು ಹೊಗೆಯಾಗಿ ಹೋಗುತ್ತದೆ. ಬೆಳಗ್ಗೆ ಸ್ಟಾರ್ಟಾಗಲು ಸತಾಯಿಸುವುದು, ಏರಿನಲ್ಲಿ ಎಳೆಯದಿರುವುದು, ಮೈಲೇಜು ಇಳಿಯುವುದು, ಎಲ್ಲ ಬಹುಮಟ್ಟಿಗೆ ಇದರ ಮಕ್ಕಳು.

ಆ ಸೀಮೆಯಲ್ಲಿ ರಿಂಗುಗಳಿಗೆ ಮೊದಲ ಶತ್ರು ಧೂಳು. ಎರೆಮಣ್ಣಿನ ಗಾಡಿದಾರಿಯಲ್ಲಿ ಮುಂದೆ ಒಂದು ಟ್ರ್ಯಾಕ್ಟರು ಹೋದರೆ ಹಿಂದಿನವನಿಗೆ ದಾರಿ ಕಾಣುವುದಿಲ್ಲ. ಅಷ್ಟನ್ನೂ ತಡೆಯುವುದು ಏರ್ ಫಿಲ್ಟರಿನ ಒಂದು ಕಾಗದ. ಜನ ಅದನ್ನು ಪಂಕ್ಚರ್ ಅಂಗಡಿಗೆ ಒಯ್ದು ಟಯರಿಗೆ ಹಾಕುವ ಗಾಳಿಯಿಂದಲೇ ರಭಸವಾಗಿ ಊದಿಸಿ ಮತ್ತೆ ಕೂರಿಸುತ್ತಾರೆ. ಕಾಗದದಲ್ಲಿ ಕಣ್ಣಿಗೆ ಕಾಣದ ಬಿರುಕು ಬಿಡುತ್ತದೆ. ಅದಕ್ಕಿಂತ ಕೆಟ್ಟದ್ದು ಫಿಲ್ಟರಿನಿಂದ ಇಂಜಿನಿಗೆ ಹೋಗುವ ರಬ್ಬರಿನ ಕೊಳವೆ. ಬಿಸಿಲಿಗೆ ಅದು ಒಡೆದರೆ ಫಿಲ್ಟರು ಹೊಸದಿದ್ದೂ ಪ್ರಯೋಜನವಿಲ್ಲ, ಧೂಳು ಹಿಂಬಾಗಿಲಿನಿಂದ ಒಳಗೆ ಹೋಗಿ ಸಿಲಿಂಡರನ್ನು ಉಪ್ಪುಕಾಗದದಂತೆ ಉಜ್ಜುತ್ತದೆ. ನಾವು ನೋಡಿದ ಗಾಡಿಯಲ್ಲಿ ಆ ಕೊಳವೆಗೆ ಸೈಕಲ್ ಟ್ಯೂಬಿನ ತುಂಡು ಸುತ್ತಿ ತಂತಿ ಕಟ್ಟಿದ್ದರು. ಹೊಸ ಕೊಳವೆಗೆ ಒಂದು ದಿನದ ಬಾಡಿಗೆಯೂ ಬೇಕಾಗಿರಲಿಲ್ಲ.

ಎರಡನೆಯದು ನೀರು. ಬೋರ್‌ವೆಲ್ಲಿನ ಗಡಸು ನೀರನ್ನು ರೇಡಿಯೇಟರಿಗೆ ಸುರಿಯುತ್ತಾ ಹೋದರೆ ಕಾಯಿಸುವ ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿ ಪದರವೇ ಇಂಜಿನಿನ ನೀರುದಾರಿಗಳಲ್ಲೂ ಕಟ್ಟುತ್ತದೆ. ಹೊರಗಿನಿಂದ ರೇಡಿಯೇಟರಿನ ಜಾಲರಿಗೆ ಹತ್ತಿಯ ನಾರು, ಹೊಟ್ಟು ಅಂಟಿಕೊಂಡಿರುತ್ತದೆ. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುವ ಊರು ಅದು. ಕಾವು ಏರಿ ಹೆಡ್ಡು ಸೊಟ್ಟಗಾದರೆ ಗ್ಯಾಸ್ಕೆಟ್ ಹಾರುತ್ತದೆ, ನೀರು ಇಂಜಿನ್ ಆಯಿಲಿನಲ್ಲಿ ಬೆರೆತು ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗುತ್ತದೆ. ಆಮೇಲೂ ಓಡಿಸಿದವರ ಬೇರಿಂಗು ಉಳಿಯದು. ಕೂಲೆಂಟನ್ನು ಬ್ಯಾಟರಿ ನೀರಿನಂತಹ ಶುದ್ಧ ನೀರಿನಲ್ಲಿ ಬೆರೆಸಿ ಹಾಕುವುದೇ ಇದಕ್ಕೆ ಉಪಾಯ. ಅದು ತುಕ್ಕನ್ನೂ ತಡೆಯುತ್ತದೆ, ಕುದಿಯುವ ಮಟ್ಟವನ್ನೂ ಏರಿಸುತ್ತದೆ.

ಇಲ್ಲಿ ಒಂದು ಮಾತು. ಅಲ್ಲಿಯೂ ನಮ್ಮಲ್ಲಿಯೂ ಅನೇಕ ಮೆಕ್ಯಾನಿಕ್ಕುಗಳು "ಗಾಡಿ ಕಾಯ್ತದೆ" ಎಂದ ಕೂಡಲೇ ಥರ್ಮೋಸ್ಟಾಟನ್ನು ಕಿತ್ತು ಎಸೆಯುತ್ತಾರೆ. ಇದು ಜ್ವರಕ್ಕೆ ಥರ್ಮಾಮೀಟರು ಒಡೆದಂತೆ. ಥರ್ಮೋಸ್ಟಾಟ್ ಇಲ್ಲದ ಇಂಜಿನು ಬೆಳಗಿನ ಹೊತ್ತು ಬೇಗ ಹದಕ್ಕೆ ಬರುವುದಿಲ್ಲ, ತಣ್ಣಗಿದ್ದಾಗಲೇ ದುಡಿದು ಹೆಚ್ಚು ಸವೆಯುತ್ತದೆ. ಕಾಯುವುದಕ್ಕೆ ಕಾರಣ ಬೇರೆ ಕಡೆ ಇದ್ದರೆ ಅದು ಇದ್ದಲ್ಲೇ ಇರುತ್ತದೆ.

ಇನ್ನು ಇಂಜಿನು ಎಷ್ಟು ಸವೆದಿದೆ ಎಂದು ತಿಳಿಯುವ ಬಗೆ. ಮೀಟರು ಹೇಳುವುದು ಅರ್ಧ ಸತ್ಯ. ನೀಲಿ ಹೊಗೆ ಬಂದರೆ ಆಯಿಲು ಉರಿಯುತ್ತಿದೆ ಎಂದರ್ಥ. ಕಪ್ಪು ಹೊಗೆ ಗಾಳಿ ಸಾಲದ್ದಕ್ಕೋ ನಾಜಲ್ಲು ಕೆಟ್ಟದ್ದಕ್ಕೋ ಬರುತ್ತದೆ. ಅದನ್ನು ಕಂಡು ಇಂಜಿನು ಸತ್ತಿತೆಂದು ಅಳಬೇಕಾಗಿಲ್ಲ. ಇಂಜಿನು ಓಡುತ್ತಿರುವಾಗ ಆಯಿಲ್ ಸುರಿಯುವ ಮುಚ್ಚಳ ತೆಗೆದರೆ ರೈಲಿನಂತೆ ದಬದಬ ಹೊಗೆ ಬರುವುದಾದರೆ ರಿಂಗುಗಳ ಮೇಲೆ ಸಂಶಯಪಡಬೇಕು. ಎಲ್ಲಕ್ಕಿಂತ ನಂಬತಕ್ಕದ್ದು ಕಂಪ್ರೆಶನ್ ಪರೀಕ್ಷೆ: ಒಂದೊಂದು ಸಿಲಿಂಡರಿಗೂ ಗೇಜು ಹಾಕಿ ಒತ್ತಡ ಅಳೆಯುವುದು. ಒಂದರಲ್ಲಿ ಎಷ್ಟು ಎನ್ನುವುದರ ಜತೆಗೆ ನಾಲ್ಕರ ನಡುವೆ ಎಷ್ಟು ವ್ಯತ್ಯಾಸ ಎನ್ನುವುದನ್ನೂ ನೋಡಬೇಕು.

ಕೋಸಿಗಿಯ ಆ ಮಾಲೀಕರಿಗೆ ಒಂದು ವರ್ಕ್‌ಶಾಪಿನಲ್ಲಿ ಹೊಗೆ ನೋಡಿಯೇ "ಫುಲ್ ಇಂಜಿನ್ ಮಾಡಿಸಬೇಕು" ಎಂದಿದ್ದರಂತೆ. ಫುಲ್ ಇಂಜಿನ್ ಎಂದರೆ ಎಲ್ಲ ಬಿಚ್ಚಿ, ಸಿಲಿಂಡರು ಬೋರು ಮಾಡಿಸಿ ಅಥವಾ ಲೈನರು ಬದಲಿಸಿ, ಪಿಸ್ಟನ್ನು, ರಿಂಗು, ಬೇರಿಂಗು ಹೊಸದು ಹಾಕಿ, ಕ್ರ್ಯಾಂಕು ಲೇತಿಗೆ ಕೊಟ್ಟು ಮತ್ತೆ ಕಟ್ಟುವುದು. ಅವರು ಆದವಾನಿಯ ಒಬ್ಬ ಹಿರಿಯ ಮಿಸ್ತ್ರಿಯ ಬಳಿಗೆ ಹೋದರು. ಮಿಸ್ತ್ರಿಯ ಬಾಯಲ್ಲಿ ಕನ್ನಡ, ತೆಲುಗು, ದಖನಿ ಉರ್ದು ಒಂದೇ ವಾಕ್ಯದಲ್ಲಿ ಬರುತ್ತವೆ. "ಅರೆ ಅಣ್ಣ, ಹೊಗೆ ನೋಡಿ ಸುಡುಗಾಡಿಗೆ ಕಳಿಸ್ತಾರಾ? ಮೊದ್ಲು ಗೇಜು ಹಾಕಿ ನೋಡಾಣ ಇರು" ಎಂದರು. ಮೂರು ಸಿಲಿಂಡರುಗಳು ಹೆಚ್ಚುಕಡಿಮೆ ಸಮ, ಒಂದು ಮಾತ್ರ ಕೆಳಗೆ. ಹೆಡ್ಡು ಬಿಚ್ಚಿದಾಗ ಆ ಸಿಲಿಂಡರಿನ ಒಂದು ವಾಲ್ವು ಸುಟ್ಟು ಸರಿಯಾಗಿ ಕೂರುತ್ತಿರಲಿಲ್ಲ, ನೀರುದಾರಿಯಲ್ಲಿ ಸುಣ್ಣದಂತಹ ಪದರ. ಬೋರಿನ ಸವೆತ ಅಳೆದು ನೋಡಿದರೆ ಇನ್ನೂ ಮಿತಿಯೊಳಗೇ ಇತ್ತು. ಹೆಡ್ಡಿನ ಕೆಲಸ, ಹೊಸ ರಿಂಗು, ಗ್ಯಾಸ್ಕೆಟ್, ಕೊಳವೆ, ಹೊಸ ಥರ್ಮೋಸ್ಟಾಟ್ ಸಾಕೆಂದರು. ಹೇಳಿದ್ದ ಖರ್ಚಿನ ಮೂರನೆಯ ಒಂದು ಪಾಲೂ ಆಗಲಿಲ್ಲ.

ಎಲ್ಲರಿಗೂ ಹೀಗಾಗುತ್ತದೆಂದು ನಾವು ಹೇಳುವುದಿಲ್ಲ. ಬೋರು ನಿಜವಾಗಿ ಸವೆದಿದ್ದರೆ ರಿಂಗು ಮಾತ್ರ ಬದಲಿಸುವುದು ಹರಿದ ಚೀಲಕ್ಕೆ ಹೊಸ ದಾರ ಕಟ್ಟಿದಂತೆ. ಆಗ ಲೆಕ್ಕ ಹಾಕಲೇಬೇಕು. ಹೊಸ ಗಾಡಿಗೆ ತಿಂಗಳಿಗೆ 15 ಸಾವಿರ ಕಂತು ಎಂದಿಟ್ಟುಕೊಂಡರೂ ವರ್ಷಕ್ಕೆ 1 ಲಕ್ಷ 80 ಸಾವಿರ, ಅದೂ ಮಳೆ ಬಾರದ ವರ್ಷವೂ ತಪ್ಪದೆ. ಹಳೆಯದಕ್ಕೆ ಕಂತಿಲ್ಲ. ಆದರೆ ಎಂಟು ವರ್ಷ ದಾಟಿದ ಬಾಡಿಗೆ ವಾಹನಕ್ಕೆ ವರ್ಷ ವರ್ಷವೂ ಫಿಟ್‌ನೆಸ್ ಬೇಕು. 15 ವರ್ಷ ದಾಟಿದವುಗಳ ಫಿಟ್‌ನೆಸ್ ಶುಲ್ಕವನ್ನು 2022ರ ಏಪ್ರಿಲ್ 1ರಿಂದ ಹಲವು ಪಟ್ಟು ಏರಿಸಲಾಯಿತು. ಇದನ್ನೂ ಇಂಜಿನಿನ ಖಾತೆಗೇ ಬರೆಯಬೇಕು. ಹೊಸದರ ಚಿಂತೆ ಬೇರೆ ತರಹದ್ದು. 2020ರ ಏಪ್ರಿಲ್ 1ರಿಂದ ಬಂದ ಬಿ.ಎಸ್. 6 ಗಾಡಿಗಳ ಹೊಗೆ ಶುದ್ಧ, ಅದು ಒಳ್ಳೆಯದೇ. ಆದರೆ ಒಂದು ಸೆನ್ಸರು ಮುನಿದರೆ ಹಳ್ಳಿಯ ಮಿಸ್ತ್ರಿ ಕೈಕಟ್ಟಿ ಕೂರಬೇಕು, ಸ್ಕ್ಯಾನರು ಇದ್ದಲ್ಲಿಗೆ ಎಳೆದೊಯ್ಯಬೇಕು. ಹಳೆಯ ಇಂಜಿನು ಸಾಯುವ ಮೊದಲು ತಿಂಗಳುಗಟ್ಟಲೆ ಕೆಮ್ಮಿ ಸೂಚನೆ ಕೊಡುತ್ತದೆ.

ಪಾಠ ಹೇಳುವ ನಮಗೆ ಇದರಲ್ಲಿ ಇನ್ನೊಂದು ಕಾಳಜಿಯೂ ಇದೆ. ಹತ್ತಿ ಬಿಡಿಸಿ ಮುಗಿದ ಮೇಲೆ ಜನವರಿಯಿಂದ ಆ ಹಳ್ಳಿಗಳ ಜನ ಗುಂಟೂರಿನ ಕಡೆ ಮೆಣಸಿನಕಾಯಿ ಬಿಡಿಸಲು ಗುಳೆ ಹೋಗುತ್ತಾರೆ. ಹೊಟ್ಟೆಪಾಡಿಗೆ ಮನೆಗೆ ಬೀಗ ಹಾಕಿ ಊರು ಬಿಡುವುದಕ್ಕೆ ಅಲ್ಲಿ ಗುಳೆ ಎನ್ನುತ್ತಾರೆ. ಮುನ್ನೂರು ಕಿಲೋಮೀಟರಿಗೂ ಹೆಚ್ಚಿನ ದಾರಿ. ಪಾತ್ರೆಪಗಡಿ, ಹೊದಿಕೆ, ಕೆಲವೊಮ್ಮೆ ಶಾಲೆ ಬಿಟ್ಟ ಮಕ್ಕಳೂ ಸರಕಿನ ಗಾಡಿಯ ಹಿಂದೆ ಕುಳಿತು ರಾತ್ರಿಯಲ್ಲಿ ಹೋಗುತ್ತಾರೆ. ಸರಕಿನ ಗಾಡಿಯಲ್ಲಿ ಜನರನ್ನು ಸಾಗಿಸುವುದು ಕಾನೂನಿಗೆ ವಿರುದ್ಧ, ಅಪಾಯವೂ ಹೌದು. ನಡುದಾರಿಯಲ್ಲಿ ಇಂಜಿನು ಕೈಕೊಟ್ಟು ಕತ್ತಲಲ್ಲಿ ರಸ್ತೆ ಬದಿ ನಿಂತ ಗಾಡಿಗೆ ಹಿಂದಿನಿಂದ ಬರುವ ಲಾರಿ ಏನು ಮಾಡೀತೆಂದು ಬರೆಯಬೇಕಾಗಿಲ್ಲ. ಆ ಮಾಲೀಕರು ಗುಳೆ ಬಾಡಿಗೆ ಬಿಟ್ಟು ಎರಡು ವರ್ಷವಾಯಿತು. ಸಿಗುವ ಹಣ ದೊಡ್ಡದು, ಆದರೂ ಬಿಟ್ಟರು.

ನಮ್ಮ ಜಿಲ್ಲೆಯಲ್ಲಿ ಇದೇ ಗಾಡಿಗಳು ಕೆಂಪುಕಲ್ಲು, ಅಡಿಕೆ, ತೆಂಗಿನಕಾಯಿ ಹೊರುತ್ತವೆ. ಇಲ್ಲಿ ಧೂಳು ಕಡಿಮೆ, ನೀರು ಮೆದು. ಆದರೆ ಕಡಲಗಾಳಿ, ನಾಲ್ಕು ತಿಂಗಳ ಮಳೆ. ನಮ್ಮಲ್ಲಿ ಮೊದಲು ಸಾಯುವುದು ಬಾಡಿ, ಅಲ್ಲಿ ಇಂಜಿನು. ಹೀಗಾಗಿ ಘಟ್ಟದಾಚೆಯಿಂದ ಹಳೆಯ ಪಿಕಪ್ಪು ಕೊಳ್ಳುವವರು ತುಕ್ಕಿಲ್ಲದ ಹೊಳೆಯುವ ಬಾಡಿಗೆ ಮರುಳಾಗದೆ ಗೇಜು ಹಾಕಿಸಿ ನೋಡುವುದು ಲೇಸು. ಕಲ್ಲು ಹೊತ್ತು ಏರು ಹತ್ತುವ ಗಾಡಿಗೆ ಕಾವಿನ ಕಾಟ ಇಲ್ಲಿಯೂ ತಪ್ಪಿದ್ದಲ್ಲ.

ಹೆಡ್ಡಿನ ಕೆಲಸವನ್ನು ಆ ಮಾಲೀಕರು ಬಾಡಿಗೆ ಇಲ್ಲದ ಜುಲೈ ತಿಂಗಳಲ್ಲಿ ಮಾಡಿಸಿದರು. ಮಿಸ್ತ್ರಿಯ ಸಲಹೆಯಂತೆ ಈಗ ಒಂದು ನೋಟುಪುಸ್ತಕ ಇಟ್ಟಿದ್ದಾರೆ. ಪ್ರತಿ ಶುಕ್ರವಾರ ಬೆಳಗ್ಗೆ, ಇಂಜಿನು ತಣ್ಣಗಿರುವಾಗ ಆಯಿಲಿನ ಕಡ್ಡಿ ಎಳೆದು ನೋಡಿ, ತಾರೀಕು, ಕಿಲೋಮೀಟರು, ಆಯಿಲು ಎಷ್ಟು ಇಳಿಯಿತು, ನೀರು ಎಷ್ಟು ಹಾಕಿತು ಎಂದು ಬರೆಯುವುದು. ಬರೆಯುವವಳು ಮಗಳು, ಕನ್ನಡದಲ್ಲಿ. ನಾವು ನೋಡಿದಾಗ ಒಂಬತ್ತು ಸಾಲುಗಳಾಗಿದ್ದವು. ಆಯಿಲು ಅಷ್ಟಾಗಿ ಇಳಿದಿಲ್ಲ. ನೀರು ಮಾತ್ರ ಕಳೆದ ಎರಡು ವಾರ ಅರ್ಧ ಲೋಟದಷ್ಟು ಹೆಚ್ಚಿಗೆ ಹೋಗಿದೆ. ಎಲ್ಲಿ ಸೋರುತ್ತದೆಂದು ನೋಡಲು, ಹತ್ತಿ ಶುರುವಾಗುವ ಮುನ್ನ ಸೋಮವಾರ ಆದವಾನಿಗೆ ಒಯ್ಯುತ್ತೇನೆ ಎಂದರು.