ಹಸಿವು ಕರೆಯದಿದ್ದಾಗ ಗಡಿಯಾರ ಕರೆಯಲಿ

ನಮ್ಮ ಮನೆಗಳಲ್ಲಿ ಹಸಿವನ್ನು ಆರೋಗ್ಯದ ಲಕ್ಷಣವೆಂದೇ ಭಾವಿಸಲಾಗುತ್ತದೆ. ಜ್ವರ ಬಿಟ್ಟು ಎದ್ದವರು ಊಟ ಕೇಳಿದರೆ ಮನೆಮಂದಿಗೆ ನೆಮ್ಮದಿ. ಹೀಗಿರುವಾಗ, ತೂಕ ಇಳಿಸುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಬಂದ ತಾಯಿಯೋ ಸೋದರಮಾವನೋ ತಟ್ಟೆಯ ಮುಂದೆ ಕುಳಿತು "ಹಸಿವೇ ಇಲ್ಲ" ಎಂದರೆ ಎಲ್ಲರಿಗೂ ಗಾಬರಿಯಾಗುವುದು ಸಹಜ. ಒಬ್ಬರು ಒತ್ತಾಯಿಸಿ ಬಡಿಸುತ್ತಾರೆ. ಇನ್ನೊಬ್ಬರು, "ತೂಕ ಇಳಿಯಲೆಂದೇ ಮಾಡಿಸಿದ್ದಲ್ಲವೇ, ಉಣ್ಣದಿದ್ದರೆ ಒಳ್ಳೆಯದೇ ಆಯಿತು" ಎನ್ನುತ್ತಾರೆ. ಈ ಎರಡು ಮಾತುಗಳೂ ರೋಗಿಗೆ ಹಿತವಲ್ಲ.

ಈ ಹಸಿವಿಲ್ಲದಿರುವಿಕೆಗೆ ಕಾರಣ ಶರೀರದೊಳಗೇ ಇದೆ. ಇಂದು ಹೆಚ್ಚಾಗಿ ನಡೆಯುವ 'ಸ್ಲೀವ್' ಶಸ್ತ್ರಚಿಕಿತ್ಸೆಯಲ್ಲಿ ಜಠರದ ಶೇಕಡಾ 75ರಿಂದ 80ರಷ್ಟು ಭಾಗವನ್ನು ತೆಗೆದು, ಬಾಳೆಹಣ್ಣಿನಾಕಾರದ ಕಿರಿದಾದ ಕೊಳವೆಯನ್ನಷ್ಟೇ ಉಳಿಸುತ್ತಾರೆ. ಹಸಿವನ್ನು ಪ್ರಚೋದಿಸುವ 'ಗ್ರೆಲಿನ್' ಎಂಬ ಹಾರ್ಮೋನನ್ನು 1999ರಲ್ಲಿ ಜಪಾನಿನ ಮಸಯಾಸು ಕೊಜಿಮಾ, ಕೆಂಜಿ ಕಾಂಗಾವಾ ಮತ್ತು ಅವರ ಸಂಗಡಿಗರು ಗುರುತಿಸಿದರು. ಅದು ಮುಖ್ಯವಾಗಿ ಉತ್ಪತ್ತಿಯಾಗುವುದು ಜಠರದ ಮೇಲ್ಭಾಗದಲ್ಲಿ. ಸ್ಲೀವ್ ಚಿಕಿತ್ಸೆಯಲ್ಲಿ ತೆಗೆದುಹಾಕುವುದೂ ಬಹುಮಟ್ಟಿಗೆ ಆ ಭಾಗವನ್ನೇ. 'ಬೈಪಾಸ್' ವಿಧಾನದಲ್ಲಿ ಆಹಾರವು ಕರುಳಿನ ಕೆಳಭಾಗವನ್ನು ಬೇಗನೆ ತಲುಪುವುದರಿಂದ, ಹೊಟ್ಟೆ ತುಂಬಿತೆಂದು ಮಿದುಳಿಗೆ ತಿಳಿಸುವ ಹಾರ್ಮೋನುಗಳು ಹೆಚ್ಚುತ್ತವೆ. ಆದ್ದರಿಂದ ಮೊದಲ ತಿಂಗಳುಗಳಲ್ಲಿ ಹಸಿವು ಕುಂದುವುದು ನಿರೀಕ್ಷಿತ ಪರಿಣಾಮವೇ. ಅನೇಕರಲ್ಲಿ ಆರು ತಿಂಗಳಿಂದ ಒಂದೂವರೆ ವರ್ಷದೊಳಗೆ ಅದು ಮೆಲ್ಲನೆ ಮರಳುತ್ತದೆ.

ಹಸಿವು ಇಲ್ಲವೆಂದ ಮಾತ್ರಕ್ಕೆ ಶರೀರದ ಅಗತ್ಯ ಇಲ್ಲವಾಗುವುದಿಲ್ಲ. ಪ್ರೋಟೀನ್ ಸಾಲದಿದ್ದರೆ ಕೊಬ್ಬಿನೊಂದಿಗೆ ಸ್ನಾಯುವೂ ಕರಗುತ್ತದೆ; ನಿಶ್ಶಕ್ತಿ ಆವರಿಸುತ್ತದೆ. ಮೂರನೆಯ ತಿಂಗಳ ಹೊತ್ತಿಗೆ ಹಲವರಿಗೆ ಕೂದಲು ಉದುರತೊಡಗುತ್ತದೆ; ಪೋಷಣೆ ಸರಿಯಿದ್ದರೆ ಅದು ಸಾಮಾನ್ಯವಾಗಿ ಮತ್ತೆ ಬೆಳೆಯುತ್ತದೆ. ದಿನಕ್ಕೆ 60ರಿಂದ 80 ಗ್ರಾಂ ಪ್ರೋಟೀನ್ ಬೇಕೆಂಬುದು ವೈದ್ಯರು ಸಾಮಾನ್ಯವಾಗಿ ನೀಡುವ ಸಲಹೆ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, 250 ಮಿಲಿಲೀಟರ್ ಹಾಲಿನಲ್ಲಿ ಸುಮಾರು 8 ಗ್ರಾಂ ಇರುತ್ತದೆ. ಅಂಗೈಯಗಲದ ಬಟ್ಟಲಿನಷ್ಟೇ ಹಿಡಿಸುವ ಹೊಟ್ಟೆಗೆ ಇಷ್ಟನ್ನು ಒದಗಿಸಲು ಯೋಜನೆ ಬೇಕು.

ಇಲ್ಲಿ ಹಸಿವಿನ ಕೆಲಸವನ್ನು ಗಡಿಯಾರಕ್ಕೆ ವಹಿಸಬೇಕಾಗುತ್ತದೆ. ದಿನಕ್ಕೆ ಐದಾರು ಸಲ, ಗೊತ್ತಾದ ಹೊತ್ತಿಗೆ, ಸ್ವಲ್ಪ ಸ್ವಲ್ಪ. ದ್ರವ, ನುಣ್ಣಗೆ ಮಸೆದದ್ದು, ಮೆತ್ತನೆಯದು, ಗಟ್ಟಿಯದು ಎಂಬ ಕ್ರಮವನ್ನು ವೈದ್ಯರು ಹೇಳಿದಂತೆಯೇ ಪಾಲಿಸಬೇಕು. ಮೊದಲು ಬೇಳೆಯ ಕಟ್ಟು, ಮಜ್ಜಿಗೆ. ಬಳಿಕ ಮೊಸರು, ನುಣ್ಣಗೆ ಬೆಂದ ಹೆಸರುಬೇಳೆ, ಮೆದುವಾಗಿ ಬೇಯಿಸಿದ ಮೊಟ್ಟೆ. ಜೋಳದ ರೊಟ್ಟಿ, ಶೇಂಗಾ ಚಟ್ನಿಗಳಿಗೆ ಇನ್ನೂ ಕಾಲವಿದೆ. ಪ್ರತಿ ಊಟದಲ್ಲಿ ಪ್ರೋಟೀನ್ ಇರುವ ಪದಾರ್ಥವೇ ಮೊದಲ ತುತ್ತಾಗಲಿ. ಊಟದ ನಡುವೆ ನೀರು ಕುಡಿಯದೆ, ಅರ್ಧ ಗಂಟೆ ಬಿಟ್ಟು ಗುಟುಕು ಗುಟುಕಾಗಿ ದಿನವಿಡೀ ಒಂದೂವರೆ ಲೀಟರಿನಷ್ಟಾದರೂ ಕುಡಿಯಬೇಕು. ಬಿಸಿ ಅಡುಗೆಯ ವಾಸನೆಯೇ ಬೇಡವೆನಿಸಿದರೆ ಆರಿಸಿ ಕೊಡಬಹುದು. ತುಂಬಿದ ತಟ್ಟೆಗಿಂತ ಚಿಕ್ಕ ಬಟ್ಟಲು ಮನಸ್ಸಿಗೆ ಹಗುರ. ವೈದ್ಯರು ಬರೆದ ಜೀವಸತ್ವ, ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳನ್ನು ತಾವಾಗಿಯೇ ನಿಲ್ಲಿಸಬಾರದು.

ಹಸಿವಿಲ್ಲದಿರುವುದು ಬೇರೆ, ತಿಂದದ್ದು ನಿಲ್ಲದಿರುವುದು ಬೇರೆ. ವಾಂತಿ ಒಂದೆರಡು ದಿನ ಮುಂದುವರಿದರೆ ಕಾಯಬಾರದು. ಥಯಾಮಿನ್ ಎಂಬ ಬಿ1 ಜೀವಸತ್ವದ ಸಂಗ್ರಹ ಶರೀರದಲ್ಲಿ ಕೆಲವೇ ವಾರಗಳಿಗೆ ಸಾಕಾಗುವಷ್ಟಿರುತ್ತದೆ. ಅದು ಬರಿದಾದರೆ ಕಣ್ಣಿಗೆ ಒಂದು ವಸ್ತು ಎರಡಾಗಿ ಕಾಣಬಹುದು, ನಡಿಗೆ ತೂರಾಡಬಹುದು, ಬುದ್ಧಿ ಮಂಕಾಗಬಹುದು. ಚಿಕಿತ್ಸೆ ತಡವಾದರೆ ಮಿದುಳಿಗೆ ಆದ ಹಾನಿ ಶಾಶ್ವತವಾಗಿ ಉಳಿಯಬಹುದು. ಊರಿನ ದವಾಖಾನೆಗೆ ಹೋದಾಗ ನಿಶ್ಶಕ್ತಿಯೆಂದು ಗ್ಲೂಕೋಸ್ ಬಾಟಲಿ ಏರಿಸುವುದು ವಾಡಿಕೆ. ಥಯಾಮಿನ್ ಕೊರತೆಯಿದ್ದಾಗ ಅದನ್ನು ಕೊಡದೆ ಗ್ಲೂಕೋಸ್ ಏರಿಸಿದರೆ ಅಪಾಯ ಹೆಚ್ಚಬಹುದು. ಆದ್ದರಿಂದ ಶಸ್ತ್ರಚಿಕಿತ್ಸೆ ಆಗಿರುವ ಸಂಗತಿಯನ್ನೂ ವಾಂತಿ ಎಷ್ಟು ದಿನಗಳಿಂದ ಇದೆಯೆಂಬುದನ್ನೂ ವೈದ್ಯರಿಗೆ ಮೊದಲೇ ತಿಳಿಸಬೇಕು. ತೀವ್ರ ಹೊಟ್ಟೆನೋವು, ಜ್ವರ, ನೀರೂ ಇಳಿಯದ ಸ್ಥಿತಿ ಕಂಡರೆ ಶಸ್ತ್ರಚಿಕಿತ್ಸೆ ಮಾಡಿದ ಆಸ್ಪತ್ರೆಯನ್ನೇ ಕೂಡಲೇ ಸಂಪರ್ಕಿಸಬೇಕು.

ಗಡಿನಾಡಿನ ಮನೆಗಳಿಗೆ ಇನ್ನೊಂದು ತೊಡಕಿದೆ. ಆಸ್ಪತ್ರೆಯಿಂದ ಬಿಡುಗಡೆಯ ದಿನ ಕೈಗೆ ಬರುವ ಪಥ್ಯದ ಕಾಗದ ಇಂಗ್ಲಿಷಿನಲ್ಲೋ ರಾಜ್ಯಭಾಷೆಯಲ್ಲೋ ಇರುತ್ತದೆ. ಅಡುಗೆ ಮಾಡುವ ಅಜ್ಜಿ ಓದುವುದು ಕನ್ನಡವನ್ನು ಮಾತ್ರ. ಕನ್ನಡ ಶಾಲೆಯ ಮಕ್ಕಳು ಇಲ್ಲಿ ನೆರವಾಗಬಲ್ಲರು. ಹಿರಿಯರು ವೈದ್ಯರಿಂದ ಅರ್ಥ ಕೇಳಿಕೊಂಡು ಹೇಳಿದ್ದನ್ನು ದೊಡ್ಡಕ್ಷರದಲ್ಲಿ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಬಹುದು: ಊಟದ ಹೊತ್ತು, ನೀರಿನ ಹೊತ್ತು, ಮಾತ್ರೆಯ ಹೊತ್ತು, ಅಪಾಯದ ಲಕ್ಷಣಗಳು, ಆಸ್ಪತ್ರೆಯ ದೂರವಾಣಿ ಸಂಖ್ಯೆ.

ಮದುವೆ, ಜಾತ್ರೆಗಳಲ್ಲಿ ಹೋಳಿಗೆ ಬೇಡವೆಂದವರನ್ನು ಬಿಗುಮಾನದವರೆಂದು ತಿಳಿಯಬಾರದು. ಬೈಪಾಸ್ ಆದವರಿಗೆ ಸಿಹಿಯಿಂದ ಬೆವರು, ತಲೆಸುತ್ತು, ಎದೆಬಡಿತ ಉಂಟಾಗಬಹುದು. ಎಲ್ಲರೊಡನೆ ಕುಳಿತು ಉಣ್ಣುವ ಸಂತೋಷ ತಪ್ಪಿದ ಬೇಸರವೂ ಅವರಿಗಿರುತ್ತದೆ. ಬಡಿಸುವ ಒತ್ತಾಯ ಬಿಟ್ಟು, ಚಿಕ್ಕ ಬಟ್ಟಲನ್ನು ಹಿಡಿದವರಿಗೂ ಪಂಕ್ತಿಯಲ್ಲಿ ಜಾಗ ಕೊಡಬೇಕು. ಮನಸ್ಸು ವಾರಗಟ್ಟಲೆ ಕುಗ್ಗಿದ್ದರೆ ಅದನ್ನೂ ವೈದ್ಯರಿಗೆ ತಿಳಿಸಬೇಕು. ಹೊತ್ತಿಗೆ ಸರಿಯಾಗಿ, ಮಿತವಾಗಿ ಉಣ್ಣುವ ಅಭ್ಯಾಸ ಈ ತಿಂಗಳುಗಳಲ್ಲಿ ಬೇರೂರಿದರೆ, ಮುಂದೆ ಹಸಿವು ಮರಳಿದಾಗ ಇಳಿದ ತೂಕವನ್ನು ಕಾಯಲು ಅದೇ ನೆರವಾಗುತ್ತದೆ.