ನೆಲವನ್ನಗೆಯದೆ ಕೊಳವೆಯ ದುರಸ್ತಿ

ಕಲಾಶಾಖೆಯ ವಿದ್ಯಾರ್ಥಿಯೊಬ್ಬನು ಕೊಳವೆಗಳ ವಿಷಯವಾಗಿ ಬರೆಯಹೊರಟರೆ ಗೆಳೆಯರು ನಕ್ಕಾರು. ನಗಲಿ. ಆದರೆ ಇತಿಹಾಸದ ತರಗತಿಯಲ್ಲಿ ವಿಜಾಪುರದ ಆದಿಲಶಾಹಿಗಳನ್ನು ಓದುವಾಗ ಗೋಳಗುಮ್ಮಟದ ವಿಸ್ತಾರವನ್ನು ಬಾಯಿಪಾಠ ಮಾಡುವ ನಾವು, ಅದೇ ಊರಿನ ನೆಲದೊಳಗೆ ಅದೇ ಅರಸರು ಹುಗಿಸಿದ ಸುಟ್ಟ ಮಣ್ಣಿನ ಕೊಳವೆಗಳನ್ನು ಮರೆತುಬಿಡುತ್ತೇವೆ. ಬೇಗಂ ತಲಾಬಿನಿಂದ ನೀರು ಈ ಕೊಳವೆಗಳಲ್ಲಿ ಹರಿದು ಪಟ್ಟಣಕ್ಕೆ ಬರುತ್ತಿತ್ತು. ಕೊಳವೆಗಳ ಸುತ್ತ ಗಾರೆಯ ಕವಚವಿತ್ತು. ನಡುನಡುವೆ ನೀರಿನ ಒತ್ತಡವನ್ನು ತಗ್ಗಿಸಿ ಹೂಳನ್ನು ತಳಕ್ಕಿಳಿಸುವ 'ಗಂಜ್' ಎಂಬ ಗೋಪುರಗಳಿದ್ದವು. ನೆಲದೊಳಗಿನ ಕೊಳವೆ ಎಂದಾದರೊಂದು ದಿನ ಕೆಡತಕ್ಕದ್ದೇ ಎಂಬ ಎಚ್ಚರ ಆ ಕಟ್ಟಡದವರಿಗಿತ್ತು. ಇಂದು ನಮ್ಮ ಮನೆಗಳಲ್ಲಿ ಆ ಎಚ್ಚರ ಕಡಿಮೆ.

ನಮ್ಮ ಮೋಟೆಬೆನ್ನೂರಿನ ಸುತ್ತ, ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳ ಕಡೆ ಕೊಳವೆ ಕೆಡುವುದಕ್ಕೆ ಒಂದು ವಿಶೇಷ ಕಾರಣವುಂಟು. ಅದೇ ಎರೆಭೂಮಿ. ಬೇಸಿಗೆಯಲ್ಲಿ ಕೈ ಹಿಡಿಸುವಷ್ಟು ಬಿರುಕು ಬಿಡುವ ಈ ಮಣ್ಣು ಮಳೆ ಬಿದ್ದೊಡನೆ ಉಬ್ಬಿ ಮೇಲೇಳುತ್ತದೆ. ಹತ್ತಿಗೂ ಮೆಣಸಿನಕಾಯಿಗೂ ಒಳ್ಳೆಯದಾದ ಈ ಗುಣವೇ ಕೊಳವೆಗೆ ಮೃತ್ಯು. ವರುಷಕ್ಕೊಂದು ಸಲ ಎತ್ತಿ, ವರುಷಕ್ಕೊಂದು ಸಲ ಇಳಿಸಿದರೆ ಯಾವ ಜೋಡಣೆ ತಡೆದೀತು? ಮೊದಲು ಕೀಲು ಸಡಿಲುವುದು, ಬಳಿಕ ಅಲ್ಲಿ ತೇವ ಜಿನುಗುವುದು, ತೇವದ ಜಾಡು ಹಿಡಿದು ಬೇವಿನದೋ ಅರಳಿಯದೋ ಬೇರು ಕೂದಲೆಳೆಯಾಗಿ ಒಳನುಗ್ಗಿ, ಕಡೆಗೆ ಕೊಳವೆಯ ತುಂಬ ಜಡೆಯಂತೆ ಬೆಳೆಯುವುದು. ಮಸಾರಿ ಭೂಮಿಯಲ್ಲಿ ಈ ಕಾಟ ಕಡಿಮೆ. ಅಲ್ಲಿ ಕಬ್ಬಿಣದ ಕೊಳವೆಗೆ ತುಕ್ಕು ಹಿಡಿಯುವುದೇ ಮುಖ್ಯ ರೋಗ.

ಕೊಳವೆ ಒಡೆದರೆ ನೀರು ಪೋಲಾಗುತ್ತದೆ, ಅಷ್ಟೇ ತಾನೆ ಎಂದು ತಿಳಿಯಬಾರದು. ನೀರು ಬರುವಾಗ ಹೊರಗೆ ಸೋರುವ ಬಿರುಕು, ನೀರು ನಿಂತು ಕೊಳವೆ ಬರಿದಾದಾಗ ಹೊರಗಿನ ಹೊಲಸನ್ನು ಒಳಗೆ ಎಳೆದುಕೊಳ್ಳುತ್ತದೆ. ಕೆಲವು ದಿನಗಳಿಗೊಮ್ಮೆ ನಳ ಬರುವ ಊರುಗಳಲ್ಲಿ ಕೊಳವೆ ಬರಿದಾಗಿರುವ ಹೊತ್ತೇ ಹೆಚ್ಚು. ಇದಕ್ಕೆ ಸಾಕ್ಷಿ ನಮ್ಮ ಹುಬ್ಬಳ್ಳಿ-ಧಾರವಾಡದಲ್ಲಿಯೇ ಇದೆ. ವಿಶ್ವಬ್ಯಾಂಕಿನ ಸಾಲದ ಯೋಜನೆಯೊಂದರಲ್ಲಿ ಅಲ್ಲಿನ ಕೆಲವು ಬಡಾವಣೆಗಳಿಗೆ ಹೊಸ ಕೊಳವೆಗಳನ್ನು ಹಾಕಿ, 2008ರ ಹೊತ್ತಿಗೆ ದಿನದ 24 ತಾಸೂ ನೀರು ಬರುವಂತೆ ಮಾಡಲಾಯಿತು. ಆ ಬಡಾವಣೆಗಳ ನೀರನ್ನೂ ಹಳೆಯ ಪದ್ಧತಿಯಲ್ಲಿಯೇ ಉಳಿದ ಬಡಾವಣೆಗಳ ನೀರನ್ನೂ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಎಮಿಲಿ ಕುಂಪೆಲ್ ಮತ್ತು ಕಾರಾ ನೆಲ್ಸನ್ ಎಂಬ ಸಂಶೋಧಕಿಯರು ಹೋಲಿಸಿ, 2013ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಮಲದ ಸಂಪರ್ಕವನ್ನು ಸೂಚಿಸುವ ಇ. ಕೋಲಿ ಸೂಕ್ಷ್ಮಾಣುಗಳು, ಸದಾ ನೀರಿರುವ ನಳಗಳ ಮಾದರಿಗಳಲ್ಲಿ ನೂರಕ್ಕೆ ಒಂದಕ್ಕಿಂತಲೂ ಕಡಿಮೆ ಕಂಡವು. ಬಿಟ್ಟುಬಿಟ್ಟು ನೀರು ಬರುವ ನಳಗಳಲ್ಲಿ ನೂರಕ್ಕೆ ಮೂವತ್ತಕ್ಕೂ ಹೆಚ್ಚು. ನಳದ ಕೊಳವೆಯೂ ಬಚ್ಚಲಿನ ಕೊಳವೆಯೂ ಒಂದೇ ಓಣಿಯಲ್ಲಿ ಮಗ್ಗುಲುಮಗ್ಗುಲಾಗಿ ಮಲಗಿರುವ ನಮ್ಮ ಕಡೆ, ಒಂದರ ಬಿರುಕು ಇನ್ನೊಂದರ ರೋಗವಾಗುವುದೆಂದು ಬೇರೆ ಹೇಳಬೇಕಾದುದಿಲ್ಲ.

ಕೆಟ್ಟ ಕೊಳವೆಗೆ ನಾವು ಬಲ್ಲ ಮದ್ದು ಒಂದೇ: ಗುದ್ದಲಿ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲನೆಯವನು. ನನ್ನ ತಂದೆಯವರು ಗೌಂಡಿ ಕೆಲಸದವರು. ಬಚ್ಚಲಿನ ಕೊಳವೆಯೊಂದನ್ನು ಹುಡುಕುವುದಕ್ಕಾಗಿ ಎಷ್ಟು ಮನೆಗಳ ಪಡಸಾಲೆಯ ಕಲ್ಲುಹಾಸು ಕೀಳಬೇಕಾಯಿತೆಂಬುದನ್ನು ಅವರು ಹೇಳುವುದುಂಟು. ಕೊಳವೆಯ ಬೆಲೆ ಕೆಲವು ನೂರು ರೂಪಾಯಿ. ಕಿತ್ತ ನೆಲದ ಬೆಲೆ ಅದರ ಹತ್ತು ಪಟ್ಟು. ಓಣಿಯ ಮಾತೂ ಹೀಗೆಯೇ. ಕಾಂಕ್ರೀಟ್ ರಸ್ತೆ ಬಂತೆಂದು ಸಂತೋಷಪಡುವಷ್ಟರಲ್ಲಿ ಕೊಳವೆಗಾಗಿ ಅದನ್ನು ನಡುವೆ ಸೀಳುತ್ತಾರೆ. ಆ ಗಾಯ ಮಾಯುವುದಿಲ್ಲ.

ಹಾಗಾದರೆ ನೆಲವನ್ನು ಮುಟ್ಟದೆಯೇ ಕೊಳವೆಯನ್ನು ಸರಿಪಡಿಸಬಹುದೆ? ಬಹುದು. ನಮ್ಮ ತಾಯಂದಿರು ಹಿತ್ತಾಳೆಯ ಪಾತ್ರೆಗಳಿಗೆ ಒಳಗಡೆ ಕಲಾಯಿ ಹಾಕಿಸುತ್ತಿದ್ದುದನ್ನು ನೆನೆದುಕೊಳ್ಳಿರಿ. ಇದೂ ಒಂದು ಬಗೆಯ ಕಲಾಯಿಯೇ. ವ್ಯತ್ಯಾಸವೇನೆಂದರೆ, ಕಲಾಯಿ ಪಾತ್ರೆಯನ್ನು ನಂಬಿ ನಿಲ್ಲುವ ತೆಳುಲೇಪ. ಇದಾದರೋ ಹಳೆಯ ಕೊಳವೆಯನ್ನು ಅಚ್ಚನ್ನಾಗಿ ಮಾಡಿಕೊಂಡು ಅದರೊಳಗೇ ಎರಕವಾಗುವ ಹೊಸ ಕೊಳವೆ. ಮುಂದೆ ಹಳೆಯದು ಸುತ್ತಲೂ ಒಡೆದರೂ ಹೊಸದು ತಾನಾಗಿ ನಿಲ್ಲಬಲ್ಲದು.

ಇದನ್ನು ಕಂಡುಹಿಡಿದವನು ಎರಿಕ್ ವುಡ್ ಎಂಬ ಇಂಗ್ಲಿಷಿನವನು. 1971ರಲ್ಲಿ ಲಂಡನ್ನಿನ ಹ್ಯಾಕ್ನಿ ಭಾಗದಲ್ಲಿ, ಸುಮಾರು ನೂರು ವರುಷ ಹಳೆಯದಾದ ಇಟ್ಟಿಗೆಯ ಗಟಾರವೊಂದರ 70 ಮೀಟರ್ ಉದ್ದಕ್ಕೆ ಅವನು ಮೊದಲ ಪ್ರಯೋಗ ನಡೆಸಿದನು. 'ಇದ್ದಲ್ಲಿಯೇ ರೂಪುಗೊಂಡದ್ದು' ಎಂಬರ್ಥದ ಲ್ಯಾಟಿನ್ ಮಾತಿನಿಂದ ಇದಕ್ಕೆ ಇನ್‌ಸಿಟುಫಾರ್ಮ್ ಎಂದು ಹೆಸರಿಟ್ಟನು. ಅಮೆರಿಕದಲ್ಲಿ 1977ರಲ್ಲಿ ಪೇಟೆಂಟು ದೊರೆಯಿತು. ಇಂದು ನಾಲ್ಕಿಂಚಿನ ಮನೆಗೊಳವೆಯಿಂದ ಹಿಡಿದು ಮನುಷ್ಯ ನಡೆಯಬಹುದಾದ ಗಟಾರದವರೆಗೆ ಇದೇ ಕ್ರಮ ಜಗತ್ತಿನಲ್ಲೆಲ್ಲ ಬಳಕೆಯಲ್ಲಿದೆ.

ಕ್ರಮವನ್ನು ಕೊಂಚ ವಿವರವಾಗಿ ನೋಡೋಣ. ಮೊದಲು ಉದ್ದನೆಯ ತಂತಿಯ ತುದಿಗೆ ದೀಪವುಳ್ಳ ಸಣ್ಣ ಕ್ಯಾಮೆರಾ ಕಟ್ಟಿ ಕೊಳವೆಯೊಳಗೆ ಬಿಡುತ್ತಾರೆ. ಕೊಳವೆಬಾವಿಗೆ ಕ್ಯಾಮೆರಾ ಇಳಿಸಿ ನೋಡುವುದನ್ನು ಬಲ್ಲ ನಮ್ಮ ರೈತರಿಗೆ ಇದು ಸೋಜಿಗವಲ್ಲ. ಬಿರುಕು ಎಲ್ಲಿ, ಬೇರು ಎಲ್ಲಿ, ಬಾಯಿಯಿಂದ ಎಷ್ಟು ದೂರ ಎಂಬುದೆಲ್ಲ ಪರದೆಯ ಮೇಲೆ ಕಾಣುತ್ತದೆ. ಬಳಿಕ ಭಾರಿ ಒತ್ತಡದ ನೀರಿನಿಂದಲೂ ತಿರುಗುವ ಸರಪಳಿಗಳಿಂದಲೂ ಬೇರು, ಜಿಡ್ಡು, ಕಿಟ್ಟಗಳನ್ನು ಕೆರೆದು ತೆಗೆಯುತ್ತಾರೆ. ಈ ಕೆಲಸ ಅರೆಬರೆಯಾದರೆ ಮುಂದಿನದೆಲ್ಲ ವ್ಯರ್ಥ. ಕೊಳೆಯ ಮೇಲೆ ಕೂತ ಪದರ ಕೊಳೆಯ ಆಕಾರವನ್ನೇ ತಾಳುತ್ತದೆ.

ಆಮೇಲೆ ಬರುವುದು ಬಟ್ಟೆಯ ಕೊಳವೆ. ನಮ್ಮ ಕಂಬಳಿಯಂತೆ ನೇಯದೆ, ನಾರುಗಳನ್ನು ಒತ್ತಿ ಮಾಡಿದ ಫೆಲ್ಟ್ ಎಂಬ ದಪ್ಪ ಬಟ್ಟೆಯದು. ಅದರ ಹೊರಮೈಗೆ ತೆಳುವಾದ ಪ್ಲಾಸ್ಟಿಕ್ ಪೊರೆ. ಒಳಗೆ ಎಪಾಕ್ಸಿ ಅಥವಾ ಪಾಲಿಯೆಸ್ಟರ್ ಜಾತಿಯ ರಾಳವನ್ನು ಹುಯ್ದು, ಗಾಳಿಯನ್ನು ಹೀರಿ ತೆಗೆದು, ರೂಲುಗಳ ನಡುವೆ ಹಾಯಿಸಿ ಎಳೆ ಎಳೆಗೂ ನೆನೆಯುವಂತೆ ಮಾಡುತ್ತಾರೆ. ಅಂಗಡಿಯಲ್ಲಿ ಎರಡು ನಳಿಕೆಗಳಲ್ಲಿ ಸಿಕ್ಕುವ ಅರಾಲ್ಡೈಟ್ ಅಂಟನ್ನು ಬೆರೆಸಿದವರಿಗೆ ಎಪಾಕ್ಸಿಯ ಸ್ವಭಾವ ಗೊತ್ತು: ಎರಡೂ ಕೂಡಿದ ಗಳಿಗೆಯಿಂದ ಅದು ಗಟ್ಟಿಯಾಗತೊಡಗುತ್ತದೆ, ಕಾಲ ಯಾರಿಗೂ ಕಾಯುವುದಿಲ್ಲ.

ಈಗ ವುಡ್ಡನ ಜಾಣ್ಮೆ. ನೆನೆದು ಅಂಟಂಟಾದ ಬಟ್ಟೆಯನ್ನು ಕೊಳವೆಯೊಳಗೆ ಎಳೆದರೆ ರಾಳವೆಲ್ಲ ಗೋಡೆಗೆ ಒರೆಸಿಹೋದೀತು. ಅದಕ್ಕೆಂದು ಅವನು ಬಟ್ಟೆಯ ಒಂದು ತುದಿಯನ್ನು ಕೊಳವೆಯ ಬಾಯಿಗೆ ಬಿಗಿದು, ನೀರಿನ ಒತ್ತಡದಿಂದ ಅದನ್ನು ಮಗುಚುತ್ತ ಮುಂದೆ ನಡೆಸಿದನು. ಈಗ ಮನೆಗೊಳವೆಗಳಿಗೆ ಗಾಳಿಯ ಒತ್ತಡವನ್ನೇ ಹೆಚ್ಚಾಗಿ ಬಳಸುತ್ತಾರೆ. ಒಳಮೈ ಹೊರಗಾದ ಅಂಗಿಯ ತೋಳನ್ನು ಕೈಹಾಕಿ ತಿರುವುತ್ತೇವಲ್ಲ, ಹಾಗೆ. ಮಗುಚಿದಾಗ ರಾಳದ ಮಗ್ಗುಲು ಹೊರಗಾಗಿ ಹಳೆಯ ಗೋಡೆಗೆ ಅಪ್ಪಿಕೊಳ್ಳುತ್ತದೆ. ಪ್ಲಾಸ್ಟಿಕ್ ಪೊರೆ ಒಳಗಾಗಿ ನುಣ್ಣನೆಯ ಹೊಸ ಗೋಡೆಯಾಗುತ್ತದೆ. ಎಲ್ಲಿಯೂ ತಿಕ್ಕಾಟವಿಲ್ಲ. ಒತ್ತಡವನ್ನು ಹಾಗೆಯೇ ಇಟ್ಟು ಕೆಲವು ತಾಸು ಬಿಟ್ಟರೆ, ಅಥವಾ ಬಿಸಿನೀರು, ಹಬೆ, ನೇರಳಾತೀತ ಬೆಳಕುಗಳಲ್ಲೊಂದನ್ನು ಹಾಯಿಸಿದರೆ ರಾಳ ಕಲ್ಲಾಗುತ್ತದೆ. ಮುಚ್ಚಿಹೋದ ಕವಲುಗಳ ಬಾಯಿಯನ್ನು ಸಣ್ಣ ಯಂತ್ರದಿಂದ ಒಳಗಿನಿಂದಲೇ ಕೊರೆದು ತೆರೆದು, ಮತ್ತೊಮ್ಮೆ ಕ್ಯಾಮೆರಾ ಬಿಟ್ಟು ನೋಡಿದರೆ ಕೆಲಸ ಮುಗಿಯಿತು. ನಾಲ್ಕಿಂಚಿನ ಕೊಳವೆಯಲ್ಲಿ ಪದರದ ದಪ್ಪ ಸುಮಾರು ಮೂರು ಮಿಲಿಮೀಟರ್. ಹಾದಿ ಅಷ್ಟು ಕಿರಿದಾದರೂ ನುಣುಪಿನಿಂದ ಹರಿವು ಬಹುಮಟ್ಟಿಗೆ ಸರಿಹೋಗುತ್ತದೆ. ಸಾಮಾನ್ಯವಾಗಿ 50 ವರುಷದ ಬಾಳಿಕೆಯನ್ನು ಲೆಕ್ಕ ಹಿಡಿದು ಇದನ್ನು ರೂಪಿಸುತ್ತಾರೆ.

ಇದನ್ನೆಲ್ಲ ನಾನು ಮನೆಯಲ್ಲಿ ವಿವರಿಸಿದಾಗ ತಂದೆಯವರು ಒಂದೇ ಪ್ರಶ್ನೆ ಕೇಳಿದರು: "ಅಲ್ಲೋ ತಮ್ಮಾ, ವಾಟ ಕೆಟ್ಟಿದ್ರ ಅದೇನ್ ಮಾಡ್ತೈತಿ?" ಪುಸ್ತಕ ಓದಿದವನಿಗಿಂತ ಕರಣೆ ಹಿಡಿದವರು ಬೇಗ ಮರ್ಮಕ್ಕೆ ಬರುತ್ತಾರೆ. ಏನೂ ಮಾಡುವುದಿಲ್ಲ ಎಂಬುದೇ ಉತ್ತರ. ಕೊಳವೆ ನಡುವೆ ಕುಸಿದು ನೀರು ನಿಲ್ಲುತ್ತಿದ್ದರೆ, ಹೊಸ ಪದರವೂ ಅದೇ ತಗ್ಗಿನಲ್ಲಿ ಬಾಗಿ ಅಲ್ಲಿಯೇ ನೀರು ನಿಲ್ಲಿಸುತ್ತದೆ. ಎರೆಭೂಮಿಯಲ್ಲಿ ಇದು ಸಣ್ಣ ಮಾತಲ್ಲ. ಪೂರ್ತಿ ಜಜ್ಜಿಹೋದ ಕೊಳವೆಯಲ್ಲಿ ಅಚ್ಚೇ ಇಲ್ಲವಾದುದರಿಂದ ಎರಕವೂ ಇಲ್ಲ. ಕುಡಿಯುವ ನೀರಿನ ಅರ್ಧ ಇಂಚಿನ ಕೊಳವೆಗೆ ಬಟ್ಟೆ ನುಗ್ಗದು. ಅಲ್ಲಿ ಒಳಮೈಯನ್ನು ಮರಳುಗಾಳಿಯಿಂದ ಉಜ್ಜಿ ಎಪಾಕ್ಸಿಯನ್ನು ಗಾಳಿಯಲ್ಲಿ ಊದಿ ಲೇಪಿಸುತ್ತಾರೆ. ಆ ಎಪಾಕ್ಸಿ ಕುಡಿಯುವ ನೀರಿಗೆ ತಕ್ಕುದೆಂದು ಪರೀಕ್ಷೆಯಾಗಿರಲೇಬೇಕು. ಪಾಲಿಯೆಸ್ಟರ್ ರಾಳವನ್ನು ಹಬೆಯಿಂದ ಬೇಯಿಸುವಾಗ ಹೊರಬರುವ ಆವಿ ನಿರಪಾಯವಲ್ಲವೆಂದು ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು 2017ರಲ್ಲಿ ತೋರಿಸಿಕೊಟ್ಟಿದ್ದಾರೆ. ಕೆಲಸಗಾರರೂ ಮನೆಯವರೂ ದೂರವಿರುವುದು ಲೇಸು.

ನಮ್ಮ ಹಳ್ಳಿಗೆ ಇದು ಬೇಕೆ? ಅಂಗಳದಲ್ಲಿ ಎರಡಡಿ ಆಳದಲ್ಲಿರುವ ಹತ್ತಡಿ ಕೊಳವೆಗೆ ಬೇಡವೇ ಬೇಡ. ಎರಡಾಳು ಅರ್ಧ ದಿನದಲ್ಲಿ ಅಗೆದು ಹೊಸದನ್ನು ಹಾಕುವರು, ಅದೇ ಅಗ್ಗ. ಕೊಳವೆಯ ಮೇಲೆ ಕಟ್ಟಿದ ಮನೆಯೋ, ಕಾಂಕ್ರೀಟ್ ರಸ್ತೆಯೋ, ಹೆದ್ದಾರಿಯೋ ಇದ್ದಾಗ ಮಾತ್ರ ಲೆಕ್ಕ ತಿರುಗುತ್ತದೆ. ಆದರೆ ಪದರ ಬೇಡವಾದರೂ ಕ್ಯಾಮೆರಾ ಬೇಕೆಂದು ನನ್ನ ಅಭಿಪ್ರಾಯ. ಅದೊಂದಿದ್ದರೆ ಇಡೀ ಪಡಸಾಲೆ ಕೀಳುವ ಕಡೆ ಒಂದು ಕಲ್ಲು ಕಿತ್ತರೆ ಸಾಕು. ಗಟಾರದೊಳಗೆ ಮನುಷ್ಯನನ್ನು ಇಳಿಸುವ ಅಪಾಯದ ಕೆಲಸವನ್ನು 2013ರ ಕಾನೂನು ನಿಷೇಧಿಸಿದೆ; ಆದರೂ ಇಳಿದವರು ಸತ್ತ ಸುದ್ದಿ ಇಂದಿಗೂ ಪತ್ರಿಕೆಗಳಲ್ಲಿ ಬರುತ್ತಿದೆ. ನೋಡುವ ಕಣ್ಣು ಯಂತ್ರದ್ದಾದರೆ ನೋಡುವುದಕ್ಕೆಂದು ಯಾರೂ ಇಳಿಯಬೇಕಾಗಿಲ್ಲ.

ಕ್ಯಾಮೆರಾ ಆಗಲಿ ಬಟ್ಟೆಯಾಗಲಿ ಒಳಹೋಗಲು ಕೊಳವೆಗೆ ಒಂದು ಬಾಯಿ ಬೇಕಷ್ಟೆ. ನಮ್ಮ ಕಡೆ ಬಚ್ಚಲಿನಿಂದ ಗುಂಡಿಯವರೆಗೆ ಚೇಂಬರ್ ಇಲ್ಲದೆ ಕೊಳವೆ ಹುಗಿದು ಮೇಲೆ ಕಾಂಕ್ರೀಟ್ ಸುರಿದುಬಿಡುತ್ತಾರೆ. ಹೊಸ ಮನೆ ಕಟ್ಟಿಸುವವರು ಕೊಳವೆ ತಿರುಗುವ ಕಡೆಗಳಲ್ಲಿ ಮುಚ್ಚಳವುಳ್ಳ ಚೇಂಬರ್ ಇಡಿಸಬೇಕು; ಮಣ್ಣು ಮುಚ್ಚುವ ಮೊದಲು, ಗೋಡೆಯಿಂದ ಎಷ್ಟು ಅಡಿ ದೂರವೆಂದು ಟೇಪು ಹಿಡಿದು, ಮೊಬೈಲಿನಲ್ಲಿ ಒಂದು ಚಿತ್ರ ತೆಗೆದಿಡಬೇಕು. ಇದಕ್ಕೆ ಹೆಚ್ಚೆಂದರೆ ಒಂದು ದಿನದ ಕೂಲಿಯೂ ನೂರೆಂಟು ಇಟ್ಟಿಗೆಗಳೂ ಹಿಡಿಯುತ್ತವೆ.