ಉಸಿರಿನ ಯಂತ್ರಕ್ಕೆ ಹಣ ಯಾರದು?

ಗೊರಕೆ ಎಂದರೆ ನಮ್ಮ ಮನೆಗಳಲ್ಲಿ ಅದೊಂದು ನಗುವ ವಿಷಯ. ಮದುವೆಮನೆಯ ಜಮಖಾನೆಯ ಮೇಲೆ ಸಾಲಾಗಿ ಮಲಗಿದ ನೆಂಟರಲ್ಲಿ ಯಾರ ಗೊರಕೆಗೆ ಯಾರು ದಿಂಬು ಎತ್ತಿಕೊಂಡು ಜಗಲಿಗೆ ಓಡಿದರು ಎಂಬ ಕಥೆಯನ್ನು ವರ್ಷಗಟ್ಟಲೆ ಹೇಳಿಕೊಂಡು ನಗುತ್ತೇವೆ. ನಾನೂ ಹಾಗೆ ಹತ್ತು ಜನರನ್ನು ನಗಿಸಿದವನೇ. ಆದರೆ ಒಂದು ರಾತ್ರಿ ನಮ್ಮ ಮನೆಯವರು ನನ್ನನ್ನು ಅಲುಗಿಸಿ ಎಬ್ಬಿಸಿ, "ನೀವು ಗೊರಕೆ ಹೊಡೀತಾ ಇದ್ದರೆ ನನಗೆ ಧೈರ್ಯ, ಅದು ನಿಂತಾಗಲೇ ಭಯ" ಎಂದರು. ಅವರು ಮಲಗಿದಲ್ಲೇ ಎಣಿಸಿ ನೋಡಿದ್ದರಂತೆ. ಇಪ್ಪತ್ತು ಎಣಿಸುವವರೆಗೂ ನನ್ನ ಉಸಿರಿಲ್ಲ. ಆಮೇಲೆ ನೀರಿನಲ್ಲಿ ಮುಳುಗಿ ಎದ್ದವನ ಹಾಗೆ ಒಮ್ಮೆಲೇ ಗಾಳಿಯನ್ನು ಎಳೆದುಕೊಂಡೆನಂತೆ. ನನಗೆ ಇದಾವುದರ ಅರಿವೂ ಇರಲಿಲ್ಲ.

ಈ ಕಾಯಿಲೆಗೆ ವೈದ್ಯರು ಸ್ಲೀಪ್ ಆಪ್ನಿಯಾ ಎನ್ನುತ್ತಾರೆ. ನಿದ್ರೆಯಲ್ಲಿ ಗಂಟಲಿನ ಮಾಂಸಖಂಡಗಳು ಸಡಿಲವಾಗಿ, ಉಸಿರಿನ ದಾರಿ ಒದ್ದೆ ಕಾಗದದ ಕೊಳವೆಯಂತೆ ಒಳಕ್ಕೆ ಕುಸಿದು ಮುಚ್ಚಿಕೊಳ್ಳುತ್ತದೆ. ರಕ್ತದಲ್ಲಿ ಆಮ್ಲಜನಕ ಇಳಿದಾಗ ಮೆದುಳು ಗಾಬರಿಯಿಂದ ಅರೆ ಎಚ್ಚರಗೊಂಡು ದಾರಿಯನ್ನು ತೆರೆಸುತ್ತದೆ. ಹತ್ತು ಸೆಕೆಂಡು ಅಥವಾ ಅದಕ್ಕೂ ಹೆಚ್ಚು ಕಾಲ ಉಸಿರು ನಿಂತರೆ, ಇಲ್ಲವೇ ತೀರ ಕುಗ್ಗಿದರೆ, ಅದನ್ನು ಒಂದು ಎಂದು ಲೆಕ್ಕ ಹಿಡಿಯುತ್ತಾರೆ. ಗಂಟೆಗೆ ಇಂಥವು 5ಕ್ಕಿಂತ ಕಡಿಮೆಯಾದರೆ ಚಿಂತೆಯಿಲ್ಲ. 15ರವರೆಗೆ ಲಘು, 30ರವರೆಗೆ ಮಧ್ಯಮ, 30 ದಾಟಿದರೆ ತೀವ್ರ. ನನ್ನ ಲೆಕ್ಕ 38 ಬಂದಿತು. ಎಂಟು ಗಂಟೆ ಮಲಗಿ ಎದ್ದರೂ ಪತ್ರಿಕೆ ಕೈಯಲ್ಲಿ ಹಿಡಿದಂತೆಯೇ ತೂಕಡಿಸುತ್ತಿದ್ದುದಕ್ಕೆ ಕಾರಣ ಅಂದು ತಿಳಿಯಿತು. ಇದು ಬರಿಯ ತೂಕಡಿಕೆಯ ಮಾತಲ್ಲ. ರಕ್ತದೊತ್ತಡವನ್ನು ಏರಿಸುತ್ತದೆ, ಹೃದಯಕ್ಕೆ ಭಾರವಾಗುತ್ತದೆ, ಸ್ಕೂಟರು ಕಾರು ನಡೆಸುವವರನ್ನು ರಸ್ತೆಯ ಮೇಲೆಯೇ ನಿದ್ರೆಗೆ ನೂಕುತ್ತದೆ.

ಇದಕ್ಕೆ ಮುಖ್ಯ ಪರಿಹಾರವೆಂದರೆ ಸಿಪ್ಯಾಪ್ ಎಂಬ ಸಣ್ಣ ಯಂತ್ರ. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಕಾಲಿನ್ ಸಲಿವನ್ ಎಂಬ ವೈದ್ಯರು 1980ರಲ್ಲಿ ಇದನ್ನು ಮೊದಲ ಬಾರಿಗೆ ಒಬ್ಬ ರೋಗಿಯ ಮೇಲೆ ಪ್ರಯೋಗಿಸಿ ನೋಡಿದರು. ಅಲ್ಲಿಯವರೆಗೆ ತೀವ್ರವಾದ ರೋಗಕ್ಕೆ ಇದ್ದ ದಾರಿ ಗಂಟಲಿನಲ್ಲಿ ರಂಧ್ರ ಮಾಡುವುದು. ಅದನ್ನು ಒಲ್ಲದ ಆ ರೋಗಿ, ಮೂಗಿಗೆ ಕಟ್ಟಿದ ಕೊಳವೆಯಿಂದ ಮೆಲ್ಲನೆ ಒತ್ತಿ ಬರುವ ಗಾಳಿಯ ಬಲದಿಂದಲೇ ರಾತ್ರಿಯಿಡೀ ನಿದ್ರಿಸಿದ. ಮರುವರ್ಷ ಈ ಸಂಗತಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಇಂದಿನ ಯಂತ್ರವೂ ಮಾಡುವುದು ಅದೇ ಕೆಲಸ. ಗಾಳಿಯ ಒತ್ತಡವೇ ಗಂಟಲು ಕುಸಿಯದಂತೆ ಒಳಗಿನ ಊರುಗೋಲಾಗಿ ನಿಲ್ಲುತ್ತದೆ. ಕಾಯಿಲೆಯನ್ನು ಇದು ವಾಸಿ ಮಾಡುವುದಿಲ್ಲ. ಹಾಕಿಕೊಂಡ ರಾತ್ರಿ ಗುಣ, ಹಾಕಿಕೊಳ್ಳದ ರಾತ್ರಿ ಇಲ್ಲ. ಕನ್ನಡಕದಂತೆ ಎನ್ನಿ.

ಇನ್ನು ಹಣದ ವಿಚಾರ. ನಮ್ಮ ಪೇಟೆಯಲ್ಲಿ ಯಂತ್ರದ ಬೆಲೆ ಸುಮಾರು ಮೂವತ್ತು ಸಾವಿರ ರೂಪಾಯಿಯಿಂದ ಎಂಬತ್ತು ಸಾವಿರದವರೆಗೆ ಹರಡಿಕೊಂಡಿದೆ. ಮಾಸ್ಕಿಗೆ ಬೇರೆ ಕೆಲವು ಸಾವಿರ. ಅದಕ್ಕೂ ಮೊದಲು ನಿದ್ರೆಯ ಪರೀಕ್ಷೆಗೆ ಕೆಲವು ಸಾವಿರ. ಈ ಲೆಕ್ಕ ಕೇಳಿದೊಡನೆ ಮನೆಯ ಎಲ್ಲರ ಬಾಯಲ್ಲೂ ಬರುವ ಮಾತು ಒಂದೇ: "ಇನ್ಶೂರೆನ್ಸ್ ಇದೆಯಲ್ಲ?" ನಾನೂ ಅದೇ ಧೈರ್ಯದಿಂದ ಇದ್ದವನು. ಹದಿಮೂರು ವರ್ಷ ಒಂದು ಕಂತನ್ನೂ ತಪ್ಪಿಸದೆ ಕಟ್ಟಿದ್ದೆ. ಅರ್ಜಿ ಹಾಕಿದೆ, ಎರಡೇ ವಾರದಲ್ಲಿ ಎರಡು ಸಾಲಿನ ಉತ್ತರ ಬಂದಿತು. ಕೊಡುವುದಿಲ್ಲ. ಸಿಟ್ಟು ಬಂದದ್ದು ನಿಜ. ಆಮೇಲೆ ಕನ್ನಡಕ ಹಾಕಿಕೊಂಡು ಪಾಲಿಸಿಯ ಸಣ್ಣಕ್ಷರಗಳನ್ನು ಮೊದಲ ಸಾರಿ ಓದಿದೆ. ನಿಮಗೆ ಆ ಶ್ರಮ ತಪ್ಪಲೆಂದು ನಾನು ಕಂಡದ್ದನ್ನು ಇಲ್ಲಿ ಹೇಳುತ್ತೇನೆ.

ನಮ್ಮ ದೇಶದ ಆರೋಗ್ಯ ವಿಮೆ ಆಸ್ಪತ್ರೆಯ ಮಂಚವನ್ನು ನೋಡಿ ಹಣ ಕೊಡುವ ವ್ಯವಸ್ಥೆ. ಸಾಮಾನ್ಯವಾಗಿ 24 ಗಂಟೆ ದಾಖಲಾಗಿರಬೇಕು. ಕೆಲವು ಚಿಕಿತ್ಸೆಗಳಿಗೂ ಶಸ್ತ್ರಕ್ರಿಯೆಗಳಿಗೂ ಮಾತ್ರ ಈ ಗಡುವಿನಿಂದ ವಿನಾಯಿತಿ. ಹಾಗಾದರೆ ನಿದ್ರೆಯ ಪರೀಕ್ಷೆಗೆಂದು ಒಂದು ರಾತ್ರಿ ಆಸ್ಪತ್ರೆಯಲ್ಲಿ ಮಲಗಿದರೆ ಆಗದೇ ಎಂದು ನೀವು ಕೇಳಬಹುದು. ಆಗದು. ವಿಮಾ ನಿಯಂತ್ರಣ ಪ್ರಾಧಿಕಾರವಾದ ಐ.ಆರ್.ಡಿ.ಎ.ಐ. 2019ರಲ್ಲಿ ಎಲ್ಲ ಕಂಪನಿಗಳಿಗೂ ಒಂದೇ ಬಗೆಯ ವಿನಾಯಿತಿ ವಾಕ್ಯಗಳನ್ನು ಗೊತ್ತುಪಡಿಸಿತು. ಅದರಲ್ಲಿ ನಾಲ್ಕನೆಯದು, ಮುಖ್ಯವಾಗಿ ಪರೀಕ್ಷೆಗಾಗಿಯೇ ದಾಖಲಾದ ಖರ್ಚನ್ನು ಹೊರಗಿಡುತ್ತದೆ. ತಲೆಗೆ ಎದೆಗೆ ತಂತಿಗಳನ್ನು ಅಂಟಿಸಿ ರಾತ್ರಿಯಿಡೀ ನಿದ್ರೆಯನ್ನು ಬರೆದುಕೊಳ್ಳುವುದು ಪರೀಕ್ಷೆಯೇ ಹೊರತು ಚಿಕಿತ್ಸೆಯಲ್ಲ ಎಂಬುದು ಅವರ ವಾದ.

ಯಂತ್ರದ ಮಾತು ಇನ್ನೂ ಸ್ವಾರಸ್ಯವಾಗಿದೆ. ಪಾಲಿಸಿಯ ಕೊನೆಯಲ್ಲಿ ಯಾರೂ ಓದದ ನಾಲ್ಕು ಪಟ್ಟಿಗಳಿರುತ್ತವೆ. ನಾಲ್ಕನೆಯ ಪಟ್ಟಿಯಲ್ಲಿ ಸಿಪ್ಯಾಪ್ ಉಪಕರಣದ ಹೆಸರೇ ಇದೆ. ಆದರೆ ಆ ಪಟ್ಟಿಯ ಅರ್ಥ ಬೇರೆ: ಆಸ್ಪತ್ರೆಯೊಳಗೆ ಅದನ್ನು ಬಳಸಿದರೆ ಅದರ ಬೆಲೆ ಚಿಕಿತ್ಸೆಯ ವೆಚ್ಚದಲ್ಲಿಯೇ ಅಡಕ, ಬೇರೆ ಬಿಲ್ಲು ಮಾಡತಕ್ಕದ್ದಲ್ಲ ಎಂದು. ಮನೆಗೆ ಕೊಂಡುಹೋಗುವ ಯಂತ್ರಕ್ಕೆ ಅಲ್ಲಿ ಜಾಗವಿಲ್ಲ. ಮೊದಲನೆಯ ಪಟ್ಟಿ ನೋಡಿದರೆ, ನಡೆಗೋಲು, ಆಸ್ಪತ್ರೆಯ ಹೊರಗೆ ಬಳಸುವ ಆಮ್ಲಜನಕದ ಸಿಲಿಂಡರು, ನೆಬ್ಯುಲೈಸರು, ಕೊನೆಗೆ ಥರ್ಮಾಮೀಟರು ಕೂಡ ನಾವೇ ಕೊಳ್ಳಬೇಕಾದ ವಸ್ತುಗಳ ಸಾಲಿನಲ್ಲಿ ನಿಂತಿವೆ. ರೋಗಿ ಮನೆಗೆ ಬಂದನೆಂದರೆ ಸಾಮಾನ್ಯ ಪಾಲಿಸಿಯ ಕಣ್ಣಿಗೆ ಅವನು ಗುಣವಾದವನು!

ಇನ್ನೊಂದು ವಿಚಿತ್ರವನ್ನೂ ಕೇಳಿ. ಅದೇ 2019ರ ವಾಕ್ಯಗಳಲ್ಲಿ ತೀವ್ರವಾದ ಸ್ಲೀಪ್ ಆಪ್ನಿಯಾ ಎಂಬ ಮಾತು ಬರುತ್ತದೆ. ಎಲ್ಲಿ ಎಂದರೆ, ಬೊಜ್ಜು ಕರಗಿಸುವ ಶಸ್ತ್ರಕ್ರಿಯೆಯ ಕಡೆ. ಎತ್ತರಕ್ಕೂ ತೂಕಕ್ಕೂ ಇರುವ ಅನುಪಾತವಾದ ಬಿ.ಎಂ.ಐ. 40 ದಾಟಿದ್ದರೆ, ಅಥವಾ 35 ಇದ್ದು ಜೊತೆಗೆ ತೀವ್ರವಾದ ಸ್ಲೀಪ್ ಆಪ್ನಿಯಾದಂಥ ಕಾಯಿಲೆಯೂ ಇದ್ದು, ಬೇರೆ ಉಪಾಯಗಳು ಫಲಿಸದೆ ಹೋಗಿದ್ದರೆ, ಆ ಶಸ್ತ್ರಕ್ರಿಯೆಗೆ ವಿಮೆ ದೊರೆಯಬಹುದು. ಲಕ್ಷಗಳ ಶಸ್ತ್ರಕ್ರಿಯೆಗೆ ಬಾಗಿಲು ತೆರೆದಿದೆ, ಸಾವಿರಗಳ ಯಂತ್ರಕ್ಕೆ ಇಲ್ಲ. ಇದರಲ್ಲಿ ಯಾರ ದುರುದ್ದೇಶವನ್ನೂ ನಾನು ಕಾಣೆ. ಮಂಚವನ್ನು ಅಳತೆಗೋಲಾಗಿ ಹಿಡಿದರೆ ಲೆಕ್ಕ ಹೀಗೆಯೇ ಬರುತ್ತದೆ.

ಈ ಕಷ್ಟವನ್ನು ಬಲ್ಲವರು ಕೆಲವರು ಅಡ್ಡದಾರಿಯನ್ನೂ ತೋರಿಸುತ್ತಾರೆ. ಯಂತ್ರ ಮಾರುವವರೊಬ್ಬರು ನನ್ನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು, "ಸಾರ್, ಉಸಿರಾಟದ ತೊಂದರೆ ಎಂದು ಎರಡು ದಿನ ಅಡ್ಮಿಟ್ ಆಗಿಬಿಡಿ. ಮಿಕ್ಕದ್ದನ್ನು ಬಿಲ್ಲಿನಲ್ಲಿ ಸರಿಮಾಡೋಣ" ಎಂದರು. ಅರವತ್ತು ಸಾವಿರದ ಮಾತು, ಆಸೆಯಾಗಲಿಲ್ಲವೆಂದರೆ ಸುಳ್ಳಾದೀತು. ಆದರೆ ನೀವು ಇದಕ್ಕೆ ಒಪ್ಪಬಾರದು. ಐದು ವರ್ಷ ಎಡೆಬಿಡದೆ ನಡೆದ ಪಾಲಿಸಿಯನ್ನು, ಹಿಂದೆ ಯಾವುದನ್ನೋ ತಿಳಿಸಲಿಲ್ಲವೆಂಬ ನೆಪದಿಂದ ಕಂಪನಿ ಅಲ್ಲಗಳೆಯುವಂತಿಲ್ಲ ಎಂದು 2024ರಲ್ಲಿ ನಿಯಮವಾಗಿದೆ. ಆ ರಕ್ಷಣೆಗೆ ಇರುವ ಹೊರತು ಒಂದೇ, ಮೋಸ ರುಜುವಾತಾದರೆ ಅದಿಲ್ಲ. ಒಂದು ಯಂತ್ರದ ಬೆಲೆಗಾಗಿ, ನಾಳೆ ಹೃದಯಕ್ಕೋ ಮೂಳೆಗೋ ಬೇಕಾಗುವ ಪಾಲಿಸಿಯನ್ನೇ ಪಣಕ್ಕಿಟ್ಟ ಹಾಗಾಗುತ್ತದೆ. ನಾನು ಕುರ್ಚಿಯನ್ನು ಹಿಂದಕ್ಕೆ ಸರಿಸಿ ಎದ್ದು ಬಂದೆ. ಯಂತ್ರವನ್ನು ಬೇರೆ ಅಂಗಡಿಯಲ್ಲಿ ಕೊಂಡೆ.

ಹಾಗೆಂದು ಹಣ ಕೊಡುವವರು ಯಾರೂ ಇಲ್ಲವೆಂದು ತಿಳಿಯಬೇಡಿ. ನೀವು ಕೇಂದ್ರ ಸರ್ಕಾರದ ನೌಕರರೋ ಪಿಂಚಣಿದಾರರೋ ಆಗಿದ್ದು ಸಿ.ಜಿ.ಎಚ್.ಎಸ್. ಕಾರ್ಡು ಇದ್ದರೆ, ಮನೆಯಲ್ಲಿ ಬಳಸುವ ಸಿಪ್ಯಾಪಿಗೂ ಗೊತ್ತಾದ ಮಿತಿಯೊಳಗೆ ಹಣ ಹಿಂದಿರುಗುತ್ತದೆ. ನಿದ್ರೆಯ ಪರೀಕ್ಷೆಯ ವರದಿ ಬೇಕು, ತಜ್ಞರ ಶಿಫಾರಸು ಬೇಕು, ಎಲ್ಲಕ್ಕಿಂತ ಮುಖ್ಯವಾಗಿ ಅನುಮತಿ ಮೊದಲು, ಖರೀದಿ ಆಮೇಲೆ. ಕೊಂಡುಬಿಟ್ಟು ರಸೀತಿ ಹಿಡಿದು ಹೋದರೆ ಅಲೆದಾಟ ತಪ್ಪಿದ್ದಲ್ಲ. ಮಗನೋ ಮಗಳೋ ಕಂಪನಿಯ ಕೆಲಸದಲ್ಲಿದ್ದು ನಿಮ್ಮ ಹೆಸರನ್ನು ಅಲ್ಲಿನ ಗುಂಪುವಿಮೆಯಲ್ಲಿ ಸೇರಿಸಿದ್ದರೆ ಅದನ್ನು ಪ್ರತ್ಯೇಕವಾಗಿ ವಿಚಾರಿಸಿ. ಗುಂಪುವಿಮೆಯ ಕರಾರು ಆಯಾ ಕಂಪನಿ ಮಾಡಿಕೊಂಡದ್ದು, ಕೆಲವುದರಲ್ಲಿ ಇಂಥ ಉಪಕರಣಗಳು ಸೇರಿರುತ್ತವೆ. ಈಚೆಗೆ ಕೆಲವು ಬಿಡಿ ಪಾಲಿಸಿಗಳಲ್ಲಿಯೂ ಹೆಚ್ಚಿನ ಕಂತಿಗೆ ಮನೆಯ ಉಪಕರಣಗಳ ಖರ್ಚನ್ನು ಸೇರಿಸಿಕೊಡುವುದುಂಟು. ಆದರೆ ಕಾಯಿಲೆ ಗೊತ್ತಾದ ಮೇಲೆ ಇದನ್ನು ಹುಡುಕಿಕೊಂಡು ಹೋದರೆ, ಮೊದಲೇ ಇದ್ದ ಕಾಯಿಲೆಯೆಂದು 36 ತಿಂಗಳವರೆಗೂ ಕಾಯಿಸಬಹುದು. ಮೂರು ವರ್ಷ ಉಸಿರು ಕಟ್ಟಿಕೊಂಡು ಕಾಯುವುದು ವಿವೇಕವಲ್ಲ. ಇವುಗಳಲ್ಲಿ ಯಾವುದೇ ಇರಲಿ, "ಮನೆಯಲ್ಲಿ ಬಳಸುವ ಸಿಪ್ಯಾಪ್ ಯಂತ್ರಕ್ಕೆ ಹಣ ಉಂಟೇ, ಎಷ್ಟು, ಯಾವ ಕಾಗದ ಬೇಕು" ಎಂದು ಬರೆದು ಕೇಳಿ, ಬರೆದ ಉತ್ತರವನ್ನೇ ಪಡೆಯಿರಿ. ಏಜೆಂಟರ ಬಾಯಿಮಾತು ಕಾಫಿಯ ಜೊತೆಗೆ ಮುಗಿಯಿತು.

ಅಮೆರಿಕದಲ್ಲಿರುವ ಮಕ್ಕಳು, "ಇಲ್ಲಿ ಇನ್ಶೂರೆನ್ಸೇ ಕೊಡುತ್ತೆ ಅಪ್ಪಾ" ಎಂದು ಫೋನಿನಲ್ಲಿ ಹೇಳುವುದನ್ನು ನೀವು ಕೇಳಿರಬಹುದು. ನಿಜ, ಆದರೆ ಅಲ್ಲಿಯೂ ಕರಾರುಗಳುಂಟು. ಅಲ್ಲಿನ ವೃದ್ಧರಿಗೆ ಸರ್ಕಾರ ನಡೆಸುವ ಮೆಡಿಕೇರ್ ಎಂಬ ವಿಮೆಯಲ್ಲಿ, ವರ್ಷದ ಮೊದಲ ಪಾಲನ್ನು ರೋಗಿ ಹಾಕಿಕೊಂಡ ಮೇಲೆ ನೂರಕ್ಕೆ 80 ಭಾಗ ವಿಮೆಯದು, 20 ರೋಗಿಯದು. ಯಂತ್ರ ಕೈಗೆ ಬರುವುದು ಬಾಡಿಗೆಗೆ. 13 ತಿಂಗಳು ಬಾಡಿಗೆ ಸಂದ ಮೇಲೆ ರೋಗಿಯ ಸ್ವತ್ತು. ಮೊದಲ ಮೂರು ತಿಂಗಳಲ್ಲಿ, ಒಂದಾದರೂ ಸತತ 30 ದಿನಗಳ ಅವಧಿಯಲ್ಲಿ, ನೂರಕ್ಕೆ 70 ರಾತ್ರಿಗಳಾದರೂ ತಲಾ 4 ಗಂಟೆ ಯಂತ್ರ ಓಡಿರಬೇಕು. ಓಡಿತೋ ಇಲ್ಲವೋ ಎಂಬ ಲೆಕ್ಕವನ್ನು ಯಂತ್ರವೇ ಇಟ್ಟು ಒಪ್ಪಿಸುತ್ತದೆ. ತಪ್ಪಿದರೆ ಹಣ ನಿಲ್ಲುತ್ತದೆ. ಮಲಗುವ ಕೋಣೆಯಲ್ಲಿ ಮೇಷ್ಟರು ಹಾಜರಿ ಹಾಕಿದ ಹಾಗೆ! ಮೊದಲು ನನಗೆ ಇದು ಅತಿಯೆನಿಸಿತು. ಈಗ ಅನಿಸುವುದಿಲ್ಲ, ಕಾರಣ ಹೇಳುತ್ತೇನೆ.

ನಮ್ಮ ಹಣದಿಂದಲೇ ಕೊಂಡ ಯಂತ್ರದ ಹಾಜರಿಯನ್ನು ಯಾರೂ ಕೇಳುವುದಿಲ್ಲ. ಅದೇ ಅಪಾಯ. ಮೊದಲ ವಾರ ಮಾಸ್ಕು ಮೂಗಿನ ಮೇಲೆ ಗೆರೆ ಬರೆಯುತ್ತದೆ, ಬಾಯಿ ಒಣಗುತ್ತದೆ, ಗಾಳಿ ಸೋರಿ ಕಣ್ಣಿಗೆ ಹೊಡೆಯುತ್ತದೆ. "ನಾಳೆಯಿಂದ ಹಾಕಿಕೊಂಡರಾಯಿತು" ಎಂದು ಪಕ್ಕಕ್ಕಿಟ್ಟ ಯಂತ್ರ ತಿಂಗಳೊಳಗೆ ಅಟ್ಟ ಸೇರುತ್ತದೆ. ನನ್ನ ಪರಿಚಯದ ಎರಡು ಮನೆಗಳಲ್ಲಿ ಹೀಗೆ ಅಟ್ಟ ಸೇರಿದ್ದನ್ನು ಕಂಡಿದ್ದೇನೆ. ಆದ್ದರಿಂದ ಸ್ವಂತ ಹಣ ಹಾಕುವವರು ಮೊದಲು ಒಂದೆರಡು ತಿಂಗಳು ಬಾಡಿಗೆಗೆ ತನ್ನಿ; ಊರುಗಳಲ್ಲಿ ಹೀಗೆ ಬಾಡಿಗೆಗೆ ಕೊಡುವ ಅಂಗಡಿಗಳಿವೆ. ಕೊಂಡರೆ ಬಾಡಿಗೆಯನ್ನು ಬೆಲೆಯಲ್ಲಿ ವಜಾ ಮಾಡುವರೇ ಎಂದು ಮೊದಲೇ ಮಾತಾಡಿಕೊಳ್ಳಿ. ಯಂತ್ರದ ಬೆಲೆಯಲ್ಲಿ ಜಿಪುಣತನ ಮಾಡಿದರೂ ಮಾಸ್ಕಿನಲ್ಲಿ ಮಾಡಬೇಡಿ. ಎರಡು ಮೂರು ಅಳತೆಯವನ್ನು ಮಲಗಿ, ಮಗ್ಗುಲಾಗಿ, ಯಂತ್ರ ಓಡಿಸಿಯೇ ನೋಡಿ ಆರಿಸಿ. ನನ್ನ ಮೊದಲನೆಯ ಮಾಸ್ಕು ಮೀಸೆಯ ಬಳಿ ಸೋರುತ್ತಿತ್ತು. ಮೂಗಿನ ಹೊಳ್ಳೆಗಷ್ಟೇ ಒತ್ತಿ ಕೂರುವ ಸಣ್ಣದನ್ನು ತಂದ ಮೇಲೆ ಮೀಸೆಯೂ ಉಳಿಯಿತು, ನಿದ್ರೆಯೂ ಉಳಿಯಿತು.

ಅಗ್ಗವೆಂದು ಹಳೆಯ ಯಂತ್ರ ಕೊಳ್ಳುವವರಿಗೆ ಒಂದು ಎಚ್ಚರಿಕೆ. 2021ರ ಜೂನ್ ತಿಂಗಳಲ್ಲಿ ಫಿಲಿಪ್ಸ್ ಕಂಪನಿ ತನ್ನ ಅನೇಕ ಮಾದರಿಗಳನ್ನು ಹಿಂದಕ್ಕೆ ಕರೆಸಿಕೊಂಡಿತು. ಸದ್ದಡಗಿಸಲು ಒಳಗಿಟ್ಟಿದ್ದ ಫೋಮು ಪುಡಿಯಾಗಿ ಉಸಿರಿನ ಜೊತೆ ಸೇರಬಹುದೆಂಬುದು ಅದಕ್ಕೆ ಕಾರಣ. ಆ ಕಾಲದ ಯಂತ್ರವಾದರೆ ಮಾದರಿಯ ಹೆಸರು, ಸಂಖ್ಯೆ ನೋಡದೆ ಮುಟ್ಟಬೇಡಿ. ಪರದೇಶದಿಂದ ಮಕ್ಕಳು ತಂದುಕೊಟ್ಟ ಯಂತ್ರವಾದರೆ ಅದರ ಅಡಾಪ್ಟರಿನ ಮೇಲೆ 100ರಿಂದ 240 ವೋಲ್ಟ್ ಎಂದು ಬರೆದಿದೆಯೇ ನೋಡಿ. ಇದ್ದರೆ ಇಲ್ಲಿಯೂ ಓಡುತ್ತದೆ, ಪ್ಲಗ್ಗು ಬದಲಿಸಿದರೆ ಸಾಕು. ಒತ್ತಡ ಎಷ್ಟಿರಬೇಕೆಂಬುದನ್ನು ಮಾತ್ರ ನಿಮ್ಮ ವೈದ್ಯರೇ ಹೇಳಬೇಕು, ಅಂಗಡಿಯವರಲ್ಲ.

ಕಾಗದಪತ್ರದ ವಿಷಯ ಇನ್ನೊಂದೇ ಮಾತು. ಹೊಸ ಪಾಲಿಸಿ ಮಾಡಿಸುವಾಗ ಈ ಕಾಯಿಲೆ ಇದೆಯೆಂದು ಅರ್ಜಿಯಲ್ಲಿ ಬರೆಯಿರಿ. ಕಂತು ತುಸು ಏರಬಹುದು. ಮುಚ್ಚಿಟ್ಟರೆ ಮುಂದೆ ಬೇರೆ ಕಾಯಿಲೆಯ ಹಣಕ್ಕೂ ಕುತ್ತು. ಪಾಲಿಸಿಯಲ್ಲಿ ಯಂತ್ರಕ್ಕೆ ಹಣವುಂಟೆಂದು ಬರೆದಿದ್ದೂ ಕಂಪನಿ ಕೊಡದಿದ್ದರೆ, ಮೊದಲು ಕಂಪನಿಗೇ ಲಿಖಿತ ದೂರು ಕೊಡಿ. 30 ದಿನಗಳಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ಬೆಂಗಳೂರಿನಲ್ಲಿರುವ ವಿಮಾ ಓಂಬುಡ್ಸ್‌ಮನ್ ಅವರ ಕಚೇರಿಗೆ ಬರೆದುಕೊಳ್ಳಬಹುದು. ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಪಾಲಿಸಿ, ನಿದ್ರೆಯ ವರದಿ, ವೈದ್ಯರ ಚೀಟಿ, ಯಂತ್ರದ ರಸೀತಿ, ಕಂಪನಿಯ ಉತ್ತರ, ಇವುಗಳ ಪ್ರತಿಗಳನ್ನು ಒಂದೇ ಲಕೋಟೆಯಲ್ಲಿಟ್ಟು ಕಳಿಸಿ. ಮೂಲಪ್ರತಿಗಳು ನಿಮ್ಮ ಬೀರುವಿನಲ್ಲೇ ಇರಲಿ.